ಹಗಲು ಹನ್ನೊಂದಕ್ಕೆ ಸಿಗುವ ಹುಡುಗರು

ನಗರದ ಯುವಜನರ ಸಮೀಕ್ಷೆ ಎಂದು ಹೊರಡುವ ತಂಡಗಳಿಗೆ ಸಾಮಾನ್ಯವಾಗಿ ಸಿಗುವವರು ಹಗಲು ಹನ್ನೊಂದು ಗಂಟೆಗೆ ಮನೆಯಲ್ಲಿರುವವರು. ಹುಬ್ಬಳ್ಳಿಯ ಯಾವುದಾದರೂ ಓಣಿಗೆ ಆ ಹೊತ್ತಿನಲ್ಲಿ ಹೋಗಿ ನೋಡಿ. ತಾರಿಹಾಳದ ಕಾರ್ಖಾನೆಗೆ ಹೋದವನು, ಗೋಕುಲ ರಸ್ತೆಯ ಗ್ಯಾರೇಜಿನವನು, ದುರ್ಗದ ಬೈಲಿನ ಬಟ್ಟೆ ಅಂಗಡಿಯಲ್ಲಿ ನಿಂತಿರುವ ಹುಡುಗಿ, ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವವನು ಯಾರೂ ಇರುವುದಿಲ್ಲ. ಕೆಲಸ ಬಿಟ್ಟವರು, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಬಾಗಿಲು ತೆರೆಯುವವರು, ಮದುವೆ ಗೊತ್ತಾಗಿ ಕಾಲೇಜು ನಿಲ್ಲಿಸಿದ ಹುಡುಗಿಯರು ಇರುತ್ತಾರೆ. ಇವರ ಉತ್ತರಗಳನ್ನು ಕೂಡಿಸಿ ‘ಬಡಾವಣೆಯ ಯುವಜನರ ಮನಃಸ್ಥಿತಿ’ ಎಂದು ಕೋಷ್ಟಕ ಮಾಡಿದರೆ ಇಡೀ ಓಣಿಯೇ ಮಂಕಾಗಿ ಕಾಣುತ್ತದೆ. ಅದನ್ನು ಓದಿದ ಅಧಿಕಾರಿ ಯುವಕರಿಗೆ ಒಂದು ಪ್ರೇರಣಾ ಭಾಷಣ ಏರ್ಪಡಿಸುತ್ತಾರೆ. ಅದೂ ಹಗಲು ಹನ್ನೊಂದಕ್ಕೇ.

ಸಮಾಜಕಾರ್ಯ ಓದಿ, ಅವಳಿ ನಗರದ ಓಣಿಗಳಲ್ಲಿ ಯುವಜನರ ಬದುಕು ಹೇಗಿದೆ ಎಂದು ಕೇಳುತ್ತ ತಿರುಗುವುದು ನನ್ನ ಕೆಲಸ. ಈ ಕೆಲಸ ನನಗೆ ಕಲಿಸಿದ್ದು ಹೆಚ್ಚೇನಿಲ್ಲ. ನೆರೆಹೊರೆಯನ್ನು ಮೊದಲು ಗಡಿಯಾರದಲ್ಲಿ ಹುಡುಕಬೇಕು, ನಕ್ಷೆಯನ್ನು ಆಮೇಲೆ ಬಿಚ್ಚಬೇಕು.

ಹುಬ್ಬಳ್ಳಿ ಮತ್ತು ಧಾರವಾಡಕ್ಕೆ 1962ರಿಂದ ಒಂದೇ ಮಹಾನಗರ ಪಾಲಿಕೆ. 2011ರ ಜನಗಣತಿಯಲ್ಲೇ ಜನಸಂಖ್ಯೆ 9.4 ಲಕ್ಷ ದಾಟಿತ್ತು. ಈಗ 82 ವಾರ್ಡುಗಳಿವೆ. ಅಧ್ಯಯನಕ್ಕೆ ಹಣ ಕೊಡುವವರಿಗೆ ವಾರ್ಡುವಾರು ಅಂಕಿ ಬೇಕು, ಅದರ ಮೇಲೊಂದು ಬಣ್ಣದ ನಕ್ಷೆಯೂ ಬೇಕು. ಆದರೆ ಹತ್ತೊಂಬತ್ತರ ಹುಡುಗನಿಗೆ ತನ್ನ ವಾರ್ಡಿನ ಸಂಖ್ಯೆ ಗೊತ್ತಾಗುವುದು ಪಾಲಿಕೆ ಚುನಾವಣೆ ಬಂದಾಗ. ನವನಗರದಲ್ಲಿ ಮಲಗಿ ಏಳುವವನು ಬೆಳಿಗ್ಗೆ ಚಿಗರಿ ಬಸ್ಸು ಹತ್ತಿ ಧಾರವಾಡದ ಕಾಲೇಜಿಗೆ ಹೋಗುತ್ತಾನೆ, ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಮೊಬೈಲ್ ಅಂಗಡಿಯಲ್ಲಿ ಕೂರುತ್ತಾನೆ, ರಾತ್ರಿ ಒಂಬತ್ತಕ್ಕೆ ಗೆಳೆಯನ ಓಣಿಯ ಕಟ್ಟೆಯಲ್ಲಿರುತ್ತಾನೆ. ಅವನ ನೆಮ್ಮದಿಯನ್ನು ಯಾವ ವಾರ್ಡಿನ ಲೆಕ್ಕಕ್ಕೆ ಬರೆಯೋಣ?

ಇದಕ್ಕೆ ನಮಗೆ ದಾರಿ ತೋರಿಸಿದ್ದು ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ. ದೇಶದಾದ್ಯಂತ ಮೊದಲ ಬಾರಿಗೆ 2019ರಲ್ಲಿ ನಡೆದದ್ದು. 2024ರಲ್ಲಿ ಮತ್ತೊಂದು ಸುತ್ತು ಆಯಿತು. ಹಿಂದಿನ ದಿನ ಬೆಳಗಿನ ನಾಲ್ಕರಿಂದ ಮರುದಿನ ಬೆಳಗಿನ ನಾಲ್ಕರವರೆಗೆ, ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಎಂದು ಅದರಲ್ಲಿ ಕೇಳುತ್ತಾರೆ. ನಾವು ಆ ಪಟ್ಟಿಯನ್ನು ಮೊಟಕು ಮಾಡಿ, ಪ್ರತಿ ಹೊತ್ತಿಗೂ ಎಲ್ಲಿದ್ದಿರಿ, ಯಾರ ಜೊತೆ ಇದ್ದಿರಿ, ಅಲ್ಲಿದ್ದದ್ದು ಇಷ್ಟಪಟ್ಟೋ ವಿಧಿಯಿಲ್ಲದೆಯೋ ಎಂದು ಕೇಳತೊಡಗಿದೆವು. ಕೊನೆಯ ಪ್ರಶ್ನೆಗೆ ಮಾತ್ರ ಜನ ತಲೆ ಎತ್ತಿ ನೋಡುತ್ತಾರೆ.

ಹೀಗೆ ಕೇಳಿದ ಮೇಲೆ ಉತ್ತರಗಳಲ್ಲಿ ನೀರಿನ ಮಾತು ಬಂತು. ಓಣಿಯ ನೆಮ್ಮದಿಯ ಪ್ರಶ್ನಾವಳಿಗಳಲ್ಲಿ ನೀರು ‘ಮೂಲಸೌಕರ್ಯ’ ಎಂಬ ಕಂತೆಯಲ್ಲಿ ರಸ್ತೆ, ಚರಂಡಿಗಳ ನಡುವೆ ಮಲಗಿರುತ್ತದೆ. ಸಮಯದ ಪಟ್ಟಿಯಲ್ಲಿ ಅದು ಎದ್ದು ನಿಂತಿತು. ಅವಳಿ ನಗರದ ಕೆಲವು ಪ್ರಾತ್ಯಕ್ಷಿಕೆ ವಲಯಗಳಿಗೆ 2008ರ ಹೊತ್ತಿಗೇ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ದಿನದ 24 ಗಂಟೆಯೂ ನೀರು ಬಂತು. ಉಳಿದ ಕಡೆ ನೀರು ಬಿಡುವ ದಿನಕ್ಕೆ ಕಾಯುವುದೇ ರೂಢಿ. ಮಲಪ್ರಭೆಯ ನೀರು ನಲ್ಲಿಗೆ ಯಾವಾಗ ಇಳಿಯುತ್ತದೆ ಎಂದು ತಿಳಿಸುವುದೇ ಒಂದು ಉದ್ಯಮವಾಗುವಷ್ಟು ಆ ಕಾಯುವಿಕೆ ದೊಡ್ಡದು: 2010ರ ದಶಕದ ಆರಂಭದಲ್ಲಿ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ವಾಲ್ವ್‌ಮನ್‌ಗಳಿಂದ ಫೋನಿನಲ್ಲಿ ಸುದ್ದಿ ಪಡೆದು ಮನೆಮನೆಗೆ ಎಸ್ಎಂಎಸ್ ಕಳುಹಿಸುವ ಕೆಲಸವನ್ನು ಆರಂಭಿಸಿದ್ದು ಇದೇ ಹುಬ್ಬಳ್ಳಿಯಲ್ಲಿ.

ನೀರಿನ ದಿನ ಮನೆಯಲ್ಲಿ ಉಳಿಯುವವರು ಯಾರು? ತಂದೆ ಕೆಲಸಕ್ಕೆ ಹೋಗಬೇಕು, ತಾಯಿ ನಾಲ್ಕು ಮನೆಯ ಪಾತ್ರೆ ತಿಕ್ಕಲು ಹೋಗಬೇಕು. ಕಾಲೇಜಿಗೆ ಹೋಗುವ ಮಗಳು ಉಳಿಯುತ್ತಾಳೆ. ಮಗಳಿಲ್ಲದಿದ್ದರೆ ಕೆಲಸ ಹುಡುಕುತ್ತಿರುವ ಮಗ. ‘ಹೇಗೂ ಖಾಲಿ ಇದ್ದೀಯಲ್ಲ’ ಎಂಬ ಮಾತು ಅವನಿಗೆ ಪುಕ್ಕಟೆ. ನಿರಂತರ ನೀರು ಬರುವ ಓಣಿಯ ಹುಡುಗಿಯ ಪಟ್ಟಿಯಲ್ಲಿ ಈ ಗಂಟೆಗಳೇ ಇಲ್ಲ. ಇಬ್ಬರ ಮನೆಯ ಆದಾಯವೂ ಗೋಡೆಯ ಬಣ್ಣವೂ ಒಂದೇ ತರಹ ಇದ್ದವು.

ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಅಳತೆಗೋಲನ್ನು ನಾವೂ ಬಳಸುತ್ತೇವೆ. ಕಳೆದ ಎರಡು ವಾರ ಉಲ್ಲಾಸವಾಗಿದ್ದಿರಾ, ನಿರಾಳವಾಗಿದ್ದಿರಾ, ಚುರುಕಾಗಿದ್ದಿರಾ, ಎದ್ದಾಗ ದಣಿವಾರಿತ್ತೇ, ದಿನದಲ್ಲಿ ಆಸಕ್ತಿಯ ಸಂಗತಿಗಳಿದ್ದವೇ ಎಂಬ ಐದಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ. ಮೊತ್ತವನ್ನು ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಇಷ್ಟು ಎಂದು ಬರುತ್ತದೆ. ಐವತ್ತು ಅಥವಾ ಅದಕ್ಕಿಂತ ಕಡಿಮೆ ಬಂದರೆ ಇನ್ನಷ್ಟು ವಿಚಾರಿಸಬೇಕು. ಅಳತೆಗೋಲು ಒಳ್ಳೆಯದೇ, ಆದರೆ ಒಂದೇ ಕೋಣೆಯ ಮನೆಯಲ್ಲಿ ಅದನ್ನು ಓದಿ ಹೇಳುವುದೆಂದರೆ ತಾಯಿ, ತಂಗಿ, ಸಕ್ಕರೆ ಕೇಳಲು ಬಂದ ಪಕ್ಕದ ಮನೆಯ ಕಾಕು, ಎಲ್ಲರ ಎದುರಿಗೂ ಓದಿದಂತೆ. ‘ನಿರಾಳವಾಗಿದ್ದೀಯೇನಮ್ಮ?’ ಎಂದರೆ ಮಗಳಿಗಿಂತ ಮೊದಲು ತಾಯಿಯೇ, ‘ಅವಳಿಗೇನು ಚಿಂತೆ ಅಕ್ಕ, ಊಟ ಹಾಕುವವರು ನಾವಿದ್ದೇವೆ’ ಎಂದು ಉತ್ತರಿಸಿಬಿಡುತ್ತಾಳೆ. ಹಾಗಾಗಿ ಪ್ರಶ್ನೆಗಳನ್ನು ಮೊದಲೇ ಧ್ವನಿಮುದ್ರಿಸಿ ಹೆಡ್‌ಫೋನ್ ಕೊಡುತ್ತೇವೆ. ಹುಡುಗಿ ಕೇಳಿಸಿಕೊಂಡು ಅಂಕೆ ಮಾತ್ರ ಹೇಳುತ್ತಾಳೆ. ಮನೆಯವರ ಕಿವಿಗೆ ಬೀಳುವುದು ‘ಎರಡು, ಒಂದು, ಒಂದು, ಮೂರು.’ ಹದಿನೆಂಟು ತುಂಬದವರಾದರೆ ಮನೆಯವರ ಒಪ್ಪಿಗೆ ಪಡೆಯಲೇಬೇಕು. ಒಪ್ಪಿಗೆ ಕೊಟ್ಟವರು ಉತ್ತರ ಕೇಳಬೇಕೆಂದೇನೂ ಇಲ್ಲ.

ಈ ಕ್ಷೇತ್ರದಲ್ಲಿ ಎಲ್ಲರೂ ಹೆಸರಿಸುವ ಅಧ್ಯಯನವೊಂದಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ಶಿಕಾಗೋದ 343 ನೆರೆಹೊರೆಗಳಲ್ಲಿ 8,782 ನಿವಾಸಿಗಳನ್ನು ಕೇಳಿ 1997ರಲ್ಲಿ ಪ್ರಕಟಿಸಿದ್ದು. ಮಕ್ಕಳು ಶಾಲೆ ತಪ್ಪಿಸಿ ಬೀದಿ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ನೆರೆಯವರು ಏನಾದರೂ ಮಾಡುತ್ತಾರೆಯೇ ಎಂಬ ಬಗೆಯ ಪ್ರಶ್ನೆಗಳು. ಹೌದು ಎನ್ನುವವರು, ಪರಸ್ಪರ ನಂಬುವವರು ಹೆಚ್ಚಿದ್ದ ಕಡೆ ಹಿಂಸೆ ಕಡಿಮೆ ಇತ್ತು. ಇದನ್ನು ಹಳೇ ಹುಬ್ಬಳ್ಳಿಯ ಹಿರಿಯರಿಗೆ ಕೇಳಿದರೆ ನೂರಕ್ಕೆ ನೂರು ಅಂಕ. ‘ಏನಾದರೂ ಮಾಡುವುದೇನು, ಕಿವಿ ಹಿಂಡಿ ಮನೆಗೆ ಕರೆದುಕೊಂಡು ಹೋಗಿ ಬಿಡುತ್ತೇನೆ’ ಎಂದರು ಒಬ್ಬರು, ನಾನೇ ಶಾಲೆ ತಪ್ಪಿಸಿದ್ದೇನೋ ಎಂಬಂತೆ ನೋಡುತ್ತ. ಅದೇ ಓಣಿಯ ಪದವಿ ವಿದ್ಯಾರ್ಥಿನಿಗೆ ಆ ಕಣ್ಣುಗಳೆಂದರೆ ಸಂಜೆ ಐದರ ಭಯ. ಸಹಪಾಠಿಯೊಂದಿಗೆ ಮಾತನಾಡುತ್ತ ಬಂದರೆ ಸುದ್ದಿ ಅವಳಿಗಿಂತ ಮೊದಲು ಮನೆ ಮುಟ್ಟುತ್ತದೆ. ಅದಕ್ಕೇ ಒಂದು ನಿಲ್ದಾಣ ಮೊದಲೇ ಇಳಿದು ಒಬ್ಬಳೇ ನಡೆದು ಬರುತ್ತಾಳೆ. ಆದರೆ ಎರಡು ಮನೆ ಆಚೆಯ, ಆಸ್ಪತ್ರೆಯಲ್ಲಿ ಪಾಳಿ ಮಾಡುವ ಇನ್ನೊಬ್ಬ ಹುಡುಗಿ ರಾತ್ರಿ ಹತ್ತೂವರೆಗೆ ತಿರುವಿಗೆ ಬಂದಾಗ ಮೊದಲು ನೋಡುವುದು ಕಟ್ಟೆಯ ಮೇಲೆ ಅಜ್ಜಂದಿರು ಇದ್ದಾರೆಯೇ ಎಂದು. ಇದ್ದರೆ ನಡಿಗೆ ನಿಧಾನವಾಗುತ್ತದೆ. ಕಣ್ಣು ಅವೇ, ಕಟ್ಟೆ ಅದೇ. ಹೊತ್ತು ಕೇಳದೆ ಇಬ್ಬರ ಉತ್ತರಗಳ ಸರಾಸರಿ ತೆಗೆದರೆ ಕೈಗೆ ಬರುವುದು ‘ಮಧ್ಯಮ ಮಟ್ಟದ ಸಾಮಾಜಿಕ ಬಾಂಧವ್ಯ’ ಎಂಬ ಪೊಳ್ಳು ಸಾಲು.

2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರ ಕೊಲೆಯಾಯಿತು. ಟಿವಿಯಲ್ಲಿ ಏನೇನು ಚರ್ಚೆಯಾಯಿತೋ ಆಯಿತು. ನಾನು ಓಡಾಡುವ ಓಣಿಗಳಲ್ಲಿ ಆದದ್ದು ಒಂದೇ: ಹುಡುಗಿಯರು ಮನೆ ಸೇರಬೇಕಾದ ಹೊತ್ತು ಏಳರಿಂದ ಐದೂವರೆಗೆ ಇಳಿಯಿತು. ಸಂಜೆಯ ಟ್ಯಾಲಿ ತರಗತಿ ಬಿಟ್ಟವರಿದ್ದಾರೆ. ಹುಡುಗರ ಹೊತ್ತು ಒಂದು ನಿಮಿಷವೂ ಅಲುಗಲಿಲ್ಲ.

ಇನ್ನು ಧಾರವಾಡದ ಸಪ್ತಾಪುರ. ಸ್ಪರ್ಧಾತ್ಮಕ ಪರೀಕ್ಷೆಗಾಗಿ ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರಿನಿಂದ ಬಂದವರ ಕೋಣೆಗಳು, ಖಾನಾವಳಿಗಳು, ಗಂಟೆಗಟ್ಟಲೆ ಕುಳಿತು ಓದುವ ಖಾಸಗಿ ಗ್ರಂಥಾಲಯಗಳು. ಇಲ್ಲಿ ಮನೆಮನೆ ಸಮೀಕ್ಷೆಗೆ ಅರ್ಥವೇ ಇಲ್ಲ. ಮತದಾರರ ಪಟ್ಟಿಯಲ್ಲಿ, ರೇಷನ್ ಕಾರ್ಡಿನಲ್ಲಿ ಇವರೆಲ್ಲ ಊರಿನಲ್ಲೇ ಇದ್ದಾರೆ. ಬಾಗಿಲು ತಟ್ಟಿದರೆ ಸಿಗುವ ಮಾಲೀಕರು ‘ನಮ್ಮ ಮನೆಯಲ್ಲಿ ಯುವಕರಿಲ್ಲ’ ಎನ್ನುತ್ತಾರೆ. ಮೇಲಿನ ಮಹಡಿಯಲ್ಲಿ ಎಂಟು ಜನ ಇರುತ್ತಾರೆ. ಸರ್ಕಾರದ ಲೆಕ್ಕಕ್ಕೂ ಇವರಲ್ಲಿ ಹಲವರು ಯುವಕರಲ್ಲ. 2003ರ ರಾಷ್ಟ್ರೀಯ ಯುವನೀತಿ 13ರಿಂದ 35ರವರೆಗಿನವರನ್ನು ಯುವಜನರೆಂದಿತ್ತು, 2014ರ ನೀತಿ ಅದನ್ನು 15ರಿಂದ 29ಕ್ಕೆ ಇಳಿಸಿತು. ಕಾಯುವ ವರ್ಷಗಳು ಬೆಳೆಯುತ್ತಿದ್ದ ಕಾಲದಲ್ಲೇ ಯೌವನ ಕುಗ್ಗಿತು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆದು, ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಗಿ, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಆ ನಡುವೆ ಮೂವತ್ತು ದಾಟಿದವನೊಬ್ಬ ಅದೇ ಕುರ್ಚಿಯಲ್ಲಿ ಅದೇ ಪುಸ್ತಕದ ಹೊಸ ಆವೃತ್ತಿ ಓದುತ್ತಿದ್ದ. ಪದವೀಧರರಿಗೆ ತಿಂಗಳಿಗೆ ಮೂರು ಸಾವಿರ ರೂಪಾಯಿ ಕೊಡುವ ಯುವನಿಧಿ ಹೆಚ್ಚೆಂದರೆ ಎರಡು ವರ್ಷ ಸಿಗುತ್ತದೆ. ಅದೂ 2022–23 ಮತ್ತು ನಂತರ ಪಾಸಾದವರಿಗೆ. ಅವನಿಗೆ ಅದೂ ಇಲ್ಲ.

ಇಂಥ ಕಡೆ ನಾವು ಸ್ಥಳ ಮತ್ತು ಸಮಯ ಎರಡನ್ನೂ ಜೋಡಿಸಿ ಮಾದರಿ ಆರಿಸುತ್ತೇವೆ. ಗ್ರಂಥಾಲಯ ಬೆಳಿಗ್ಗೆ ಆರು, ಚಹಾದ ಅಂಗಡಿ ಹತ್ತೂವರೆ, ಖಾನಾವಳಿ ಮಧ್ಯಾಹ್ನ ಒಂದು, ಕೆಲಗೇರಿ ಕೆರೆಯ ದಂಡೆ ಸಂಜೆ ಆರು, ಹೀಗೆ ಪಟ್ಟಿ ಮಾಡಿ ಅದರಿಂದ ಚೀಟಿ ಎತ್ತಬೇಕು. ಮನೆಯ ಪಟ್ಟಿಯಲ್ಲಿ ಸಿಗದವರನ್ನು ತಲುಪಲು ಎಚ್‌ಐವಿ ಸಮೀಕ್ಷೆಗಳಲ್ಲಿ ಬಹಳ ಬಳಕೆಯಾದ ವಿಧಾನ ಇದು. ನಮ್ಮ ಅಂಕಿಅಂಶ ನೋಡಿಕೊಳ್ಳುವ ಸರ್‌ಗೆ ಮೊದಲಿಗೆ ಇದು ರುಚಿಸಲಿಲ್ಲ. ದಿನವೂ ಚಹಾ ಕುಡಿಯುವವನು ಸಿಗುವ ಸಂಭವ ಜಾಸ್ತಿ, ವಾರಕ್ಕೊಮ್ಮೆ ಬರುವವನು ತಪ್ಪಿಹೋಗುತ್ತಾನೆ ಎಂಬುದು ಅವರ ತಕರಾರು, ಮತ್ತು ಅದು ಸರಿಯಾದ ತಕರಾರು. ಅದಕ್ಕೆ ‘ವಾರದಲ್ಲಿ ಎಷ್ಟು ಸಲ ಇಲ್ಲಿಗೆ ಬರುತ್ತೀರಿ’ ಎಂದು ಕೇಳಿ, ಹೆಚ್ಚು ಸಲ ಬರುವವನ ಉತ್ತರಕ್ಕೆ ಆ ಪ್ರಮಾಣದಲ್ಲಿ ಕಡಿಮೆ ತೂಕ ಕೊಡಬೇಕು. ಹಾಗೆ ಮಾಡಿದ ಮೇಲೂ ಕೋಣೆಯಿಂದ ಹೊರಗೇ ಬಾರದವನು ಉಳಿಯುತ್ತಾನೆ. ಅವನ ವಿಷಯ ಡಬ್ಬಿ ತಲುಪಿಸುವ ಖಾನಾವಳಿಯ ಅಕ್ಕನಿಗೆ ಗೊತ್ತಿರುತ್ತದೆ. ಡಬ್ಬಿ ತುಂಬಿದಂತೆಯೇ ಮರಳಿ ಬಂದರೆ ಮೊದಲು ಗಮನಿಸುವವಳು ಅವಳೇ. ಅಂಥವರನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ಯಬಹುದು, ಆದರೆ ಕಾರ್ಖಾನೆಯ ಪಾಳಿಯವರಿಗೆ ಹೊರರೋಗಿ ವಿಭಾಗದ ಹೊತ್ತು ಹೊಂದದು. ದಿನವಿಡೀ ಸಿಗುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಎಲ್ಲರಿಗೂ ಬರೆದು ಕೊಡುತ್ತೇವೆ.

ಇಷ್ಟೆಲ್ಲ ಹೇಳಿ, ಹೊತ್ತಿನ ಪಟ್ಟಿ ಹಿಡಿದು ಎಲ್ಲ ಕಡೆ ನುಗ್ಗಿ ಎನ್ನುವಂತಿಲ್ಲ. ಹುಬ್ಬಳ್ಳಿಯಲ್ಲೂ ಗದಗದಲ್ಲೂ ಸೆಟಲ್‌ಮೆಂಟ್ ಎಂದು ಕರೆಸಿಕೊಳ್ಳುವ ಪ್ರದೇಶಗಳಿವೆ. 1871ರಲ್ಲಿ ಬ್ರಿಟಿಷರು ತಂದು, ಆಮೇಲೆ ವಿಸ್ತರಿಸಿದ ‘ಅಪರಾಧಿ ಬುಡಕಟ್ಟು’ ಕಾಯ್ದೆಯಡಿ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿ ಕೂಡಿಹಾಕಿದ್ದ ಜಾಗಗಳು. ದಿನದ ಗೊತ್ತಾದ ಹೊತ್ತಿಗೆ ಹಾಜರಿ ಕೊಡಬೇಕಿತ್ತು. 1952ರ ಆಗಸ್ಟ್ 31ರಂದು ಆ ಸಮುದಾಯಗಳು ವಿಮುಕ್ತವಾದವು. ಈಗಿನ ಹುಡುಗರಿಗೆ ಅದು ಅಜ್ಜಿ ಹೇಳಿದ ಕತೆ, ಆದರೆ ಕೈಯಲ್ಲಿ ರಿಜಿಸ್ಟರ್ ಹಿಡಿದವರು ಬಂದು ‘ನಿನ್ನೆ ರಾತ್ರಿ ಒಂಬತ್ತಕ್ಕೆ ಎಲ್ಲಿದ್ದೆ’ ಎಂದು ಕೇಳಿದರೆ ಮನೆಯ ಹಿರಿಯರ ಮುಖ ಗಟ್ಟಿಯಾಗುತ್ತದೆ. ಅಲ್ಲಿ ನಾವು ದಿನಚರಿಯ ಪಟ್ಟಿ ಒಯ್ಯುವುದಿಲ್ಲ. ಹುಡುಗರೇ ತಮಗೆ ಬೇಕಾದ ಹೊತ್ತನ್ನು ಆರಿಸಿ ಅದರ ಬಗ್ಗೆ ಮಾತ್ರ ಹೇಳುತ್ತಾರೆ. ವಾರ್ಡುಗಳಿಗೆ ಕೆಂಪು ಬಣ್ಣ ಬಳಿದ ನಕ್ಷೆಗೆ ನಾನು ಒಪ್ಪದಿರುವುದಕ್ಕೂ ಕಾರಣ ಇದೇ. ವಿಳಾಸ ನೋಡಿ ಹುಬ್ಬೇರಿಸುವವರಿಗೆ ನಾವು ಇನ್ನೊಂದು ದಾಖಲೆ ಒದಗಿಸಬಾರದು.

ಸಮೀಕ್ಷಕರ ಬಗ್ಗೆ ಒಂದು ಮಾತು. ಓಣಿಯ ಹುಡುಗರನ್ನೇ ತರಬೇತಿ ಕೊಟ್ಟು ಕಳುಹಿಸಿ ಎಂಬ ಸಲಹೆ ಎಲ್ಲ ಕಾರ್ಯಾಗಾರಗಳಲ್ಲೂ ಬರುತ್ತದೆ. ಕಳುಹಿಸಿ, ಆದರೆ ಗಣೇಶಪೇಟೆಯವನನ್ನು ಗಣೇಶಪೇಟೆಗೆ ಬೇಡ. ಊರಿನ ಮಾತು ಬಲ್ಲ, ಆದರೆ ಮನೆಯ ಮಾತು ತಿಳಿಯದ ಒಬ್ಬರು ಬೇಕು. ಓಣಿಗಳನ್ನು ಅದಲುಬದಲು ಮಾಡಿದರೆ ಇದು ಸಾಧ್ಯ. ರಾತ್ರಿಯ ಸಂದರ್ಶನಕ್ಕೆ ಇಬ್ಬರಿಗಿಂತ ಕಡಿಮೆ ಜನರನ್ನು ಕಳುಹಿಸಬಾರದು, ಮರಳಿ ಬರುವ ಆಟೋದ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಮೊದಲೇ ತೋರಿಸಿರಬೇಕು. ಕಚೇರಿಯ ಲೆಕ್ಕಪತ್ರ ವಿಭಾಗಕ್ಕೆ ರಾತ್ರಿ ಎಂಬುದೊಂದಿದೆ ಎಂದು ಒಪ್ಪಿಸಲು ಸ್ವಲ್ಪ ತಾಳ್ಮೆ ಬೇಕು. ಗಿರಮಿಟ್, ಮಿರ್ಚಿ, ಚಹಾದ ಬಿಲ್ಲುಗಳನ್ನಂತೂ ಅವರು ಇಂದಿಗೂ ಅನುಮಾನದಿಂದಲೇ ನೋಡುತ್ತಾರೆ.

ಈಗ ನಮ್ಮ ವರದಿಗಳಲ್ಲಿ ಅಡ್ಡಸಾಲುಗಳಿಗೆ ಓಣಿಯ ಹೆಸರು, ಕಂಬಸಾಲುಗಳಿಗೆ ಹೊತ್ತು. ಹೊತ್ತಿನ ದೂರು ಯಾವ ಇಲಾಖೆಗೂ ಪೂರ್ತಿ ಸೇರುವುದಿಲ್ಲ. ಸಂಜೆ ಏಳರ ಓಣಿಯನ್ನೇ ತೆಗೆದುಕೊಳ್ಳಿ: ಬೀದಿದೀಪ ಪಾಲಿಕೆಯದು, ವಿದ್ಯುತ್ತು ಹೆಸ್ಕಾಂನದು, ತಿರುವಿಗೆ ಬರುವ ಬಸ್ಸು ವಾಯವ್ಯ ಸಾರಿಗೆಯದು, ಅಂಗಡಿ ಮುಚ್ಚಿಸುವುದು ಪೊಲೀಸರ ಕೈಯಲ್ಲಿ, ಆಟದ ಮೈದಾನದ ಬೀಗ ಇನ್ಯಾರದೋ ಜೇಬಿನಲ್ಲಿ. ಹಾಗಾಗಿ ಒಂದೇ ದಪ್ಪ ವರದಿ ಕಳುಹಿಸುವುದನ್ನು ನಿಲ್ಲಿಸಿ, ಪ್ರತಿ ಕಚೇರಿಗೂ ಅದರ ಪಾಲಿನ ಗಂಟೆಗಳನ್ನಷ್ಟೇ ಒಂದು ಹಾಳೆಯಲ್ಲಿ ಬರೆದು ಕೊಡುತ್ತಿದ್ದೇವೆ. ದಪ್ಪ ವರದಿಗೆ ಬರುತ್ತಿದ್ದದ್ದು ಸ್ವೀಕೃತಿಯ ಮುದ್ರೆ. ಒಂದು ಹಾಳೆಗೆ ಆಗಾಗ ಫೋನ್ ಬರುತ್ತದೆ: ‘ಮೇಡಂ, ಈ ಏಳರಿಂದ ಒಂಬತ್ತು ಎಂದು ಬರೆದಿರಲ್ಲ, ಯಾವ ಕಂಬ, ಸ್ವಲ್ಪ ಗುರುತು ಹೇಳಿ.’