ಅಳುವ ಮಗುವಿನ ಫೋಟೋ ಯಾಕೆ ಹಾಕಲ್ಲ ಅಂತ ಕೇಳುವವರಿಗೆ

ನಾನು ಸೇವಾ ಸಂಸ್ಥೆಯೊಂದಕ್ಕೆ ದೇಣಿಗೆ ಸಂಗ್ರಹಿಸುವ ಕೆಲಸದಲ್ಲಿದ್ದೇನೆ. ಇದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಮಾತು. "ಮನ ಕರಗುವಂಥ ಒಂದು ಫೋಟೋ ಹಾಕಬಾರದಾ? ಅಳ್ತಿರೋ ಮಗು ಇದ್ರೆ ದುಡ್ಡು ತಾನಾಗೇ ಬರುತ್ತಲ್ವಾ?" ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ದುಡ್ಡು ಬರುತ್ತೆ. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕೆಲಸದಲ್ಲಿರುವ ಬಹಳ ಜನರಿಗೆ ಗೊತ್ತು. ಜನರ ಕೈಗೆ 5 ಡಾಲರ್ ಕೊಟ್ಟು, ಕೆಲವರಿಗೆ ಆಫ್ರಿಕಾದ ಹಸಿವಿನ ಅಂಕಿ-ಅಂಶ ಓದಿಸಿದರು. ಇನ್ನು ಕೆಲವರಿಗೆ ಮಾಲಿ ದೇಶದ ರೋಕಿಯಾ ಎಂಬ 7 ವರ್ಷದ ಹುಡುಗಿಯನ್ನು ತೋರಿಸಿದರು. ರೋಕಿಯಾಳನ್ನು ನೋಡಿದವರು ಹೆಚ್ಚುಕಡಿಮೆ ಎರಡು ಪಟ್ಟು ಕೊಟ್ಟರು. ಅವಳ ಪಕ್ಕದಲ್ಲಿ ಅಂಕಿ-ಅಂಶವನ್ನೂ ಇಟ್ಟಾಗ ದೇಣಿಗೆ ಮತ್ತೆ ಇಳಿಯಿತು. ಒಂದು ಮುಖ ಕಂಡರೆ ಕೈ ಬಿಚ್ಚುತ್ತೇವೆ, ಲಕ್ಷಾಂತರ ಜನ ಅಂದರೆ ತಲೆ ತಗ್ಗಿಸಿ ಮುಂದೆ ಹೋಗುತ್ತೇವೆ. ನಾವೆಲ್ಲ ಇರುವುದೇ ಹಾಗೆ.

ನನಗೆ ಸಿಟ್ಟು ಬರುವುದು "ಅಳ್ತಿರೋ ಮಗು ಇದ್ರೆ" ಎನ್ನುವ ಆ ಧಾಟಿಗೆ. ಎಲ್ಲೋ ಗೋದಾಮಿನಲ್ಲಿರುವ ಸಾಮಾನಿನ ಬಗ್ಗೆ ಮಾತಾಡಿದ ಹಾಗೆ ಇರುತ್ತೆ ಅದು.

ಒಂದು ಶಿಬಿರದಲ್ಲಿ ಫೋಟೋ ತೆಗೆಯುವವರು ಬರುತ್ತಾರೆ ಅಂತ ಒಬ್ಬ ತಾಯಿಗೆ ಮೊದಲೇ ಹೇಳಿದ್ದೆವು. ಅವರು ಮಗನಿಗೆ ಮುಖ ತೊಳೆಸಿ, ಕೂದಲು ನೀರು ಹಚ್ಚಿ ಬಾಚಿ, ಇದ್ದುದರಲ್ಲೇ ಒಳ್ಳೆಯ ಅಂಗಿ ಹಾಕಿಸಿ ಕರೆದುಕೊಂಡು ಬಂದರು. ಮೇಲಿನ ಗುಂಡಿ ಇರಲಿಲ್ಲ, ಅಲ್ಲಿ ಪಿನ್ನು ಚುಚ್ಚಿದ್ದರು. ಕ್ಯಾಮೆರಾದವನು ಒಮ್ಮೆ ನೋಡಿ, "ಬೆಳಿಗ್ಗೆ ಹಾಕಿದ್ದ ಬಟ್ಟೆನೇ ಹಾಕಿಸಿ, ಕೂದಲು ಸ್ವಲ್ಪ ಕೆದರಿ" ಅಂದ. ಆ ತಾಯಿ ಏನೂ ಹೇಳಲಿಲ್ಲ. ಮಗನ ತಲೆ ಮೇಲೆ ಕೈಯಿಟ್ಟು ಹಾಗೇ ನಿಂತರು. "ಇದ್ದ ಹಾಗೇ ತೆಗೀರಿ, ಇಲ್ಲಾಂದ್ರೆ ಬೇಡ" ಅಂದೆ ನಾನು.

ಒಪ್ಪಿಗೆ ಪತ್ರಕ್ಕೆ ಸಹಿ ಇರುತ್ತೆ ಅಲ್ವಾ ಅಂತ ನೀವು ಕೇಳಬಹುದು. ಇರುತ್ತೆ. ಆದರೆ ಔಷಧಿ ಕೊಡುವವರೇ ಸಹಿ ಕೇಳಿದರೆ ಯಾರು ತಾನೇ ಇಲ್ಲ ಅಂತಾರೆ? ಅದಕ್ಕೇ ಔಷಧಿ ಕೊಟ್ಟು ಮುಗಿಸಿ, ಆಮೇಲೆ ಬೇರೆಯವರಿಂದ ಕೇಳಿಸಬೇಕು. ಬೇಡ ಅಂದರೆ ಏನೂ ಕಳೆದುಕೊಳ್ಳುವುದಿಲ್ಲ ಅನ್ನುವುದು ಅವರಿಗೆ ಕಣ್ಣಾರೆ ಕಾಣಬೇಕು.

ಇದು ನನ್ನೊಬ್ಬಳ ಹಟವೂ ಅಲ್ಲ. 1984ರ ಇಥಿಯೋಪಿಯಾ ಬರಗಾಲದ ಚಿತ್ರಗಳನ್ನು ನೋಡಿ ಜಗತ್ತೆಲ್ಲ ಹಣ ಕೊಟ್ಟಿತು. ಆ ಜನರನ್ನು ಹಾಗೆ ತೋರಿಸಿದ್ದು ಸರಿಯೇ ಎಂಬ ಜಗಳವೂ ಹಿಂದೆಯೇ ಬಂತು. ಯುರೋಪಿನ ಸ್ವಯಂಸೇವಾ ಸಂಸ್ಥೆಗಳು 1989ರಲ್ಲಿ ಇಂಥ ಚಿತ್ರಗಳ ಬಗ್ಗೆ ನೀತಿ ಸಂಹಿತೆಯನ್ನೇ ಮಾಡಿಕೊಂಡವು.

ನಿಜ ಹೇಳಬೇಕೆಂದರೆ, ಫೋಟೋ ಬಗ್ಗೆ ಕೇಳುವ ಬದಲು ಒಬ್ಬರಾದರೂ "ಸಾಕಾದಷ್ಟು ಬಂದ ಮೇಲೆ ಕೇಳುವುದನ್ನು ನಿಲ್ಲಿಸ್ತೀರಾ?" ಅಂತ ಕೇಳಬಾರದೇ ಅನಿಸುತ್ತದೆ. ಫೋಟೋಗಿಂತ ದೊಡ್ಡ ಪರೀಕ್ಷೆ ಅಲ್ಲಿದೆ. ಒಂದು ಮುಖ ತೋರಿಸಿ ಹಣ ಪಡೆದರೆ ನಾವು ಮಾತು ಕೊಟ್ಟ ಹಾಗೆ. ಆ ಹಣ ಬೇರೆಲ್ಲೋ ಹೋದರೆ ಮಾತು ತಪ್ಪಿದ ಹಾಗೆ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕನ್ ರೆಡ್ ಕ್ರಾಸ್ ಸಂತ್ರಸ್ತರಿಗಾಗಿ ತೆರೆದ ಲಿಬರ್ಟಿ ಫಂಡ್ ಎಂಬ ನಿಧಿಗೆ ಹಣ ಹರಿದು ಬಂತು. ಅದರಲ್ಲಿ ಒಂದು ಭಾಗವನ್ನು ಮುಂದಿನ ಅಗತ್ಯಗಳಿಗೆ ತೆಗೆದಿಡುತ್ತಾರೆ ಅಂತ ಗೊತ್ತಾದಾಗ ಕೊಟ್ಟವರು ಕೆರಳಿದರು. ನವೆಂಬರ್‌ನಲ್ಲಿ ಸಂಸ್ಥೆ ಹಿಂದೆ ಸರಿದು, ಅಷ್ಟೂ ಹಣ ಆ ದಾಳಿಯ ಸಂತ್ರಸ್ತರಿಗೇ ಅಂತ ಘೋಷಿಸಬೇಕಾಯಿತು. ಮುಂದಿನ ಅಗತ್ಯಕ್ಕೆ ಉಳಿಸುವುದು ತಪ್ಪಲ್ಲ. ಕೇಳುವಾಗಲೇ ಅದನ್ನು ಸ್ಪಷ್ಟವಾಗಿ ಹೇಳಬೇಕಿತ್ತು.

2004ರ ಡಿಸೆಂಬರ್ 26ರ ಸುನಾಮಿಯ ಸಮಯದಲ್ಲಿ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಎಂಬ ವೈದ್ಯಕೀಯ ನೆರವಿನ ಸಂಸ್ಥೆ ನಡೆದುಕೊಂಡ ರೀತಿ ನೋಡಿ. ಒಂದೆರಡು ವಾರ ಕಳೆಯುವುದರೊಳಗೆ, ಸುನಾಮಿ ಕೆಲಸಕ್ಕೆ ನಮಗೆ ಬೇಕಾದಷ್ಟು ಹಣ ಬಂದಿದೆ, ಅದಕ್ಕಂತಲೇ ಇನ್ನು ಕೊಡಬೇಡಿ ಅಂತ ಜನರಿಗೆ ಹೇಳಿತು. ಟೀವಿಯಲ್ಲಿ ದಿನವಿಡೀ ಆ ದೃಶ್ಯಗಳು, ಜನ ಕೊಡಲು ಸಿದ್ಧವಾಗಿದ್ದಾರೆ, ಅಂಥ ಹೊತ್ತಿನಲ್ಲಿ! ಬೇರೆ ಸಂಸ್ಥೆಗಳಿಂದ ಬೈಸಿಕೊಂಡಿತು ಕೂಡ. ಆಮೇಲೆ ಮಿಕ್ಕ ಹಣವನ್ನು ಬೇರೆ ಕಡೆಯ ಸಂಕಟಗಳಿಗೆ ಬಳಸಬಹುದೇ ಅಂತ ಕೊಟ್ಟವರನ್ನೇ ಕೇಳಿತು. ಬಹುಪಾಲು ಜನ ಒಪ್ಪಿದರು.

ಆ ಜನರ ಬಗ್ಗೆ ನನಗೆ ತುಂಬಾ ಗೌರವ. ಯಾವ ಫೋಟೋ ಮೇಲೂ ಅಲ್ಲ, ವಿಷಯ ಹೀಗಿದೆ ಅಂತ ನೇರವಾಗಿ ಹೇಳಿದ ಮಾತಿನ ಮೇಲೆ ಅವರು ಹೂಂ ಅಂದರು.

ನಮ್ಮ ಮನವಿ ಪತ್ರದಲ್ಲಿ ಮೊತ್ತದ ಕೆಳಗೇ ಒಂದು ಸಾಲು ಇದೆ. ಬೇಕಾದದ್ದಕ್ಕಿಂತ ಜಾಸ್ತಿ ಬಂದರೆ ಆ ಹಣ ಎಲ್ಲಿಗೆ ಹೋಗುತ್ತೆ, ಬೇಡ ಅನಿಸಿದರೆ ವಾಪಸ್ ಪಡೆಯುವುದು ಹೇಗೆ ಅಂತ. ಅದನ್ನು ಓದಿ ಜನ ಹಿಂಜರಿಯುತ್ತಾರೆ, ಸುಮ್ನೆ ತೆಗೆದುಬಿಡಿ ಅಂತ ಸಲಹೆ ಕೊಡುವವರೂ ಇದ್ದಾರೆ. ತೆಗೆಯುವುದಿಲ್ಲ.