ಮೊದಲು ಕೆಡಬೇಕಾದದ್ದು ಯಾವುದು?

ಮುಧೋಳದಲ್ಲಿ ಮೋಟರ್ ವೈಂಡಿಂಗ್ (ಮೋಟರಿನೊಳಗೆ ತಂತಿ ಸುತ್ತುವ ಕೆಲಸ) ಮತ್ತು ಮನೆಬಳಕೆಯ ವಿದ್ಯುತ್ ಉಪಕರಣಗಳ ದುರಸ್ತಿ ನನ್ನ ಕಸುಬು. ಅಂಗಡಿಗೆ ಬಂದವರಲ್ಲಿ ಅನೇಕರು ರಿಪೇರಿಯ ಮಾತು ಮುಗಿದ ಮೇಲೆ, ಹೊಸದು ಕೊಳ್ಳುವುದಾದರೆ ಯಾವುದು ಒಳ್ಳೆಯದೆಂದು ಕೇಳುತ್ತಾರೆ. ವ್ಯಾಟ್ ಎಷ್ಟು, ನಕ್ಷತ್ರ ಎಷ್ಟು, ವಾರಂಟಿ ಎಷ್ಟು ವರ್ಷದ್ದು ಎಂಬುದನ್ನೆಲ್ಲ ಅವರು ಆಗಲೇ ವಿಚಾರಿಸಿಕೊಂಡಿರುತ್ತಾರೆ. ನಾನು ನೋಡುವುದು ಇಷ್ಟು: ಹೊರೆ ಮಿತಿಮೀರಿದಾಗ ಈ ಯಂತ್ರದಲ್ಲಿ ಮೊದಲು ಕೆಡುವ ಭಾಗ ಯಾವುದು, ಅದು ಬಿಡಿಯಾಗಿ ಸಿಗುತ್ತದೆಯೇ, ಅದನ್ನು ಬದಲಿಸಲು ಎಷ್ಟು ಸ್ಕ್ರೂ ಬಿಚ್ಚಬೇಕು. ಕೆಡದ ಯಂತ್ರವನ್ನು ಯಾರೂ ಮಾಡಲಾರರು. ಆದರೆ ಬಲ್ಲವರು ಮಾಡಿದ ಯಂತ್ರದಲ್ಲಿ ಯಾವುದು ಮೊದಲು ಹೋಗಬೇಕೆಂಬುದನ್ನು ಮುಂಚೆಯೇ ಗೊತ್ತುಮಾಡಿ, ಅದನ್ನು ಅಗ್ಗವಾಗಿಯೂ ಕೈಗೆಟಕುವಂತೆಯೂ ಇಟ್ಟಿರುತ್ತಾರೆ. ಹಾಗೆ ಗೊತ್ತುಮಾಡದ ಯಂತ್ರದಲ್ಲಿ ನಮ್ಮ ಸೀಮೆಯ ಬಿಸಿಲು, ಧೂಳು ಮತ್ತು ವೋಲ್ಟೇಜಿನ ಏರಿಳಿತಕ್ಕೆ ದುಬಾರಿ ಭಾಗವೇ ಮೊದಲು ಬಲಿಯಾಗುವುದನ್ನು ನಾನು ದಿನವೂ ಕಾಣುತ್ತೇನೆ.

ಮಿಕ್ಸರ್‌ನಿಂದಲೇ ಆರಂಭಿಸುತ್ತೇನೆ. ಜಾರ್ ಕೂರುವ ಜಾಗದಲ್ಲಿ ಮೋಟರಿನ ಶಾಫ್ಟಿನ ಮೇಲೆ ಹಲ್ಲುಗಳಿರುವ ಒಂದು ಸಣ್ಣ ಗಾಲಿ ಇರುತ್ತದೆ. ಅದನ್ನು ಕಪ್ಲರ್ ಎನ್ನುತ್ತೇವೆ. ಒಣಕೊಬ್ಬರಿಯ ತುಂಡೋ ಅರಿಸಿನ ಕೊಂಬೋ ಬ್ಲೇಡಿನ ಕೆಳಗೆ ಸಿಕ್ಕಿ ಜಾರ್ ತಿರುಗದೆ ನಿಂತಾಗ, ಮೋಟರ್ ಮಾತ್ರ ತಿರುಗಲು ಹಟ ಹಿಡಿಯುತ್ತದೆ. ಆ ಕ್ಷಣದಲ್ಲಿ ನೈಲಾನ್ ಕಪ್ಲರಿನ ಹಲ್ಲುಗಳು ಸವೆದು ಉದುರುತ್ತವೆ. ಬಿಚ್ಚಿ ನೋಡಿದರೆ ಹಲ್ಲಿನ ಅಂಚುಗಳು ದುಂಡಗಾಗಿ, ಸುತ್ತಲಿನ ತಟ್ಟೆಯಲ್ಲಿ ನೈಲಾನಿನ ಪುಡಿ ಬಿದ್ದಿರುತ್ತದೆ. ಮೋಟರಿಗೆ ಏನೂ ಆಗಿರುವುದಿಲ್ಲ. ಐವತ್ತು ರೂಪಾಯಿಯೊಳಗಿನ ಕಪ್ಲರ್ ಹಾಕಿ, ಐದು ನಿಮಿಷದಲ್ಲಿ ಮಿಕ್ಸರನ್ನು ಮರಳಿ ಕೊಡಬಹುದು. ಇಷ್ಟಾದರೂ ಕೌಂಟರಿನ ಆಚೆಯಿಂದ ಬರುವ ಮಾತು ಹೆಚ್ಚಾಗಿ ಒಂದೇ: “ಪ್ಲಾಸ್ಟಿಕ್ ಬ್ಯಾಡ್ರಿ ಅಣ್ಣಾರ, ಕಬ್ಬಿಣದ್ದ ಹಾಕಿ ಕೊಡ್ರಿ, ಮತ್ತ ಮುರೀಬಾರ್ದು.”

ಹೀಗೆ ಕೇಳುವ ಅಕ್ಕಂದಿರ ಕೋರಿಕೆ ಸಹಜವಾದದ್ದೇ, ಏಕೆಂದರೆ ಮುರಿದ ವಸ್ತುವನ್ನು ಕಂಡರೆ ಅದು ಕಳಪೆ ಎಂದೇ ಯಾರಿಗಾದರೂ ಅನ್ನಿಸುತ್ತದೆ. ಮೋಟರಿನ ಮೇಲೆ ಲೋಹದ ಕಪ್ಲರ್ ಕೂರಿಸಿದರೆ ಅದು ಮುರಿಯುವುದಿಲ್ಲ ನಿಜ, ಆದರೆ ಜಾರ್ ಸಿಕ್ಕಿಕೊಂಡಾಗ ಆ ಬಲವೆಲ್ಲ ಜಾರಿನಲ್ಲಿ ಬ್ಲೇಡಿನ ಶಾಫ್ಟನ್ನು ಹಿಡಿದಿರುವ ಬುಷ್‌ಗೋ ಮೋಟರಿನೊಳಗೆ ತಿರುಗುವ, ತಂತಿ ಸುತ್ತಿದ ಆರ್ಮೇಚರ್‌ಗೋ ಹೋಗುತ್ತದೆ, ಮತ್ತು ಆರ್ಮೇಚರ್ ಸುಟ್ಟರೆ ಅದರ ಖರ್ಚು ಕೇಳಿದ ಮೇಲೆ ಹೆಚ್ಚಿನವರು ಹೊಸ ಮಿಕ್ಸರನ್ನೇ ಕೊಳ್ಳುತ್ತಾರೆ. ಆದ್ದರಿಂದ ನಾನು ಹಳೆಯ ಕಪ್ಲರನ್ನು ಅವರ ಕೈಗೇ ಕೊಟ್ಟು, ಸವೆದ ಹಲ್ಲುಗಳನ್ನು ತೋರಿಸಿ, ಇದು ಮೋಟರನ್ನು ಉಳಿಸಿದೆ ಎಂದು ಹೇಳುತ್ತೇನೆ. ಇದೇ ಮಿಕ್ಸರಿನ ತಳದಲ್ಲಿ ಕೆಂಪು ಗುಂಡಿಯೊಂದಿದೆ. ಹೊರೆ ಹೆಚ್ಚಾದಾಗ ಅದು ತಾನಾಗಿ ಹೊರಚಾಚಿ ಕರೆಂಟನ್ನು ಕಡಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಒತ್ತಿದರೆ ಮಿಕ್ಸರ್ ಮತ್ತೆ ಶುರುವಾಗುತ್ತದೆ. ಅದನ್ನು ತಿಳಿಯದೆ, ಕೆಟ್ಟಿದೆ ಎಂದುಕೊಂಡು ಹಳ್ಳಿಯಿಂದ ಬಸ್ಸಿನಲ್ಲಿ ಮಿಕ್ಸರ್ ಹೊತ್ತು ತರುವವರು ಈಗಲೂ ಇದ್ದಾರೆ. ಅಷ್ಟು ಉಪಯುಕ್ತವಾದ ಗುಂಡಿಯನ್ನು ಯಾರ ಕಣ್ಣಿಗೂ ಬೀಳದ ತಳದಲ್ಲಿ ಇಟ್ಟು, ಅದರ ಸುದ್ದಿಯನ್ನು ಇಂಗ್ಲಿಷ್ ಕೈಪಿಡಿಯಲ್ಲಿ ಮಾತ್ರ ಬರೆದಿರುವುದು ನನ್ನ ದೃಷ್ಟಿಯಲ್ಲಿ ವಿನ್ಯಾಸದ ದೊಡ್ಡ ಕೊರತೆ.

ಈ ಕೊರತೆ ಅಡುಗೆಮನೆಯಲ್ಲಿ ಬಸ್ ಚಾರ್ಜಿನಷ್ಟು ನಷ್ಟ ಮಾಡಿದರೆ, ಹೊಲದಲ್ಲಿ ಅದೇ ಕೊರತೆ ಮೋಟರನ್ನೇ ಸುಡುತ್ತದೆ. ಘಟಪ್ರಭೆಯ ದಂಡೆಯ ಈ ಕಬ್ಬಿನ ಸೀಮೆಯಲ್ಲಿ ನನ್ನ ಕೆಲಸದ ಬಹುಪಾಲು ಪಂಪ್‌ಸೆಟ್‌ಗಳದ್ದು. ಫೇಸ್ ಎಂಬ ಮೂರು ತಂತಿಗಳಿಂದ ಕರೆಂಟು ಪಡೆಯುವ ತ್ರೀ ಫೇಸ್ ಮೋಟರ್ ಓಡುತ್ತಿರುವಾಗ ಒಂದು ಫೇಸ್ ಹೋದರೆ ಮೋಟರ್ ನಿಲ್ಲುವುದಿಲ್ಲ. ಉಳಿದೆರಡು ಫೇಸಿನ ಮೇಲೆ ಗುಂಯ್‌ಗುಡುತ್ತ ಓಡುತ್ತಲೇ ಇರುತ್ತದೆ. ಅಷ್ಟೇ ನೀರೆತ್ತಬೇಕಾದ್ದರಿಂದ ಆ ಎರಡು ತಂತಿಗಳಲ್ಲಿ ಕರೆಂಟು ಸುಮಾರು 1.7 ಪಟ್ಟು ಏರುತ್ತದೆ, ವೈಂಡಿಂಗಿನ ತಂತಿ ಬಿಸಿಯಾಗುತ್ತದೆ, ಮತ್ತು ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟರುಗಳಲ್ಲಿ ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹೆಚ್ಚು ಶಾಖ ತಡೆಯದೆ ಕರಗುತ್ತದೆ. ಇದನ್ನು ತಡೆಯಲೆಂದೇ ಮೋಟರನ್ನು ಚಾಲೂ ಮಾಡುವ ಸ್ಟಾರ್ಟರ್ ಡಬ್ಬಿಯಲ್ಲಿ, ಕರೆಂಟು ಹೆಚ್ಚಾದರೆ ಕಡಿಯುವ ಓವರ್‌ಲೋಡ್ ರಿಲೇ ಮತ್ತು ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇರುತ್ತವೆ. ಆದರೆ ಸುಟ್ಟ ಮೋಟರಿನ ಜೊತೆಗೆ ಸ್ಟಾರ್ಟರನ್ನೂ ತನ್ನಿರೆಂದು ಹೇಳಿ ತರಿಸಿದಾಗ, ಎಷ್ಟೋ ಡಬ್ಬಿಗಳಲ್ಲಿ ಪ್ರಿವೆಂಟರಿನ ತಂತಿಗಳನ್ನು ಬಿಚ್ಚಿ ನೇರವಾಗಿ ಜೋಡಿಸಿರುವುದು ಕಾಣುತ್ತದೆ. ರಿಲೇಯ ತಿರುಪನ್ನು ಮೋಟರಿನ ಕರೆಂಟಿಗೆ ಹೊಂದಿಸದೆ ಕೊನೆಯ ಅಂಕಿಗೆ ತಿರುಗಿಸಿ ಬಿಟ್ಟಿರುತ್ತಾರೆ.

ಇದನ್ನು ರೈತರ ಅಜ್ಞಾನವೆಂದು ಕರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ತ್ರೀ ಫೇಸ್ ಬರುವುದೇ ದಿನದ ಕೆಲವು ಗಂಟೆ, ಅದೂ ಎಷ್ಟೋ ಸಲ ರಾತ್ರಿ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋದವನಿಗೆ ಡಬ್ಬಿಯ ಮೇಲೆ ಒಂದು ಕೆಂಪು ದೀಪ ಮಾತ್ರ ಕಾಣುತ್ತದೆ. ಹಿರಿಯ ರೈತರೊಬ್ಬರು ನನ್ನ ಮುಂದೆ ಇಟ್ಟ ಪ್ರಶ್ನೆಗೆ ಇವತ್ತಿಗೂ ಸ್ಟಾರ್ಟರ್ ಮಾಡುವವರೇ ಉತ್ತರ ಕೊಡಬೇಕು: “ಕೆಂಪ ಲೈಟ್ ಹತ್ತೇತ್ರಿ, ಆದ್ರ ಯಾಕ ಹತ್ತೇತಿ ಅಂತ ಹ್ಯಾಂಗ ತಿಳೀಬೇಕ್ರಿ?” ಫೇಸ್ ಹೋಗಿದೆಯೇ, ವೋಲ್ಟೇಜ್ ಇಳಿದಿದೆಯೇ, ಬೋರಿನಲ್ಲಿ ನೀರು ಕಡಿಮೆಯಾಗಿದೆಯೇ, ಅಥವಾ ಡಬ್ಬಿಯೊಳಗೆ ಹಲ್ಲಿಯೊಂದು ಕರೆಂಟು ಕೂಡಿಸಿ ಕಡಿಯುವ ಕಾಂಟ್ಯಾಕ್ಟುಗಳ ನಡುವೆ ಸಿಕ್ಕಿ ಸತ್ತಿದೆಯೇ ಎಂಬುದನ್ನು ಆ ದೀಪ ಹೇಳುವುದಿಲ್ಲ. ಕಾರಣ ಹೇಳದೆ ಕೆಲಸ ನಿಲ್ಲಿಸುವ ರಕ್ಷಣೆಯನ್ನು ಜನ ಅಡ್ಡಿಯೆಂದೇ ತಿಳಿಯುತ್ತಾರೆ, ಅಡ್ಡಿಯೆಂದು ತಿಳಿದದ್ದನ್ನು ಕಿತ್ತುಹಾಕುತ್ತಾರೆ. ಕಪ್ಲರಿನ ವಿಷಯದಲ್ಲಿಯೂ ಇಲ್ಲಿಯೂ ನಾನು ಕಂಡದ್ದು ಒಂದೇ: ರಕ್ಷಣೆಯ ಭಾಗ ಇದ್ದರೆ ಸಾಲದು, ಅದು ಯಾಕೆ ಕೆಲಸ ನಿಲ್ಲಿಸಿತೆಂಬುದು ಬಳಸುವವನಿಗೆ ಗೊತ್ತಾಗಬೇಕು.

ಕನ್ನಡದಲ್ಲೇ ಮಾತನಾಡಿ, ಫೇಸ್ ಇಲ್ಲ, ಮೋಟರ್ ನೀರಿಲ್ಲದೆ ಓಡುತ್ತಿದೆ ಎಂದು ಫೋನಿನಲ್ಲಿ ತಿಳಿಸುವ ಮೊಬೈಲ್ ಸ್ಟಾರ್ಟರುಗಳು ಈಗ ಬಂದಿವೆ, ಮತ್ತು ನಾನು ಅವುಗಳನ್ನು ಮನಸಾರೆ ಮೆಚ್ಚುತ್ತೇನೆ. ರಾತ್ರಿ ಹಾವು ಚೇಳಿನ ನಡುವೆ ನಡೆಯುವುದು ತಪ್ಪಿದ್ದೇ ದೊಡ್ಡ ಉಪಕಾರ. ಆದರೆ ಸಿಮ್ಮಿನ ರೀಚಾರ್ಜ್ ಮುಗಿದ ದಿನ ಅಥವಾ ಸಿಗ್ನಲ್ ಇಲ್ಲದ ದಿನ ಮೋಟರನ್ನು ಕೈಯಿಂದ ಚಾಲೂ ಮಾಡುವ ಹಸಿರು, ಕೆಂಪು ಗುಂಡಿಗಳು ಹಾಗೆಯೇ ಇರಬೇಕು. ಎಲೆಕ್ಟ್ರಾನಿಕ್ ಬೋರ್ಡು ಕೆಟ್ಟರೆ ಅದನ್ನಷ್ಟೇ ಕಳಚಿ ಹಳೆಯ ಸ್ಟಾರ್ಟರನ್ನು ಮೊದಲಿನಂತೆ ಓಡಿಸಲು ಬರುವಂತಹದನ್ನೇ ನಾನು ರೈತರಿಗೆ ಹೇಳುತ್ತೇನೆ. ಕರೆಂಟ್ ಬಂದ ಕೂಡಲೇ ಮೋಟರನ್ನು ಎಬ್ಬಿಸುವ ಆಟೋ ಸ್ವಿಚ್ಚಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮೋಟರ್ ಎದ್ದೇಳುವಾಗ ಓಡುವಾಗಿನ ಸುಮಾರು ಆರು ಪಟ್ಟು ಕರೆಂಟು ಎಳೆಯುತ್ತದೆ. ಒಂದೇ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲಿನ ಎಲ್ಲ ಮೋಟರುಗಳೂ ಒಂದೇ ಗಳಿಗೆಯಲ್ಲಿ ಎದ್ದರೆ ಆ ಹೊರೆಯನ್ನು ಟಿಸಿಯೇ ತಾಳಬೇಕು. ಕೆಲವು ನಿಮಿಷ ತಡೆದು ಚಾಲೂ ಮಾಡುವ ಟೈಮರ್ ಇರುವ ಸ್ವಿಚ್ಚುಗಳಿವೆ. ಅಕ್ಕಪಕ್ಕದ ಹೊಲದವರು ತಮ್ಮ ತಮ್ಮಲ್ಲಿ ಮಾತಾಡಿಕೊಂಡು ಬೇರೆಬೇರೆ ಹೊತ್ತು ಇಟ್ಟುಕೊಳ್ಳುವಂತೆ ನಾನು ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತೇನೆ.

ಟ್ರ್ಯಾಕ್ಟರಿನ ಹಿಂದೆ ಮಣ್ಣು ಹುಡಿ ಮಾಡುವ ರೋಟಾವೇಟರಿನಲ್ಲಿಯೂ ಇದೇ ವಿಚಾರ ಶಿಯರ್ ಬೋಲ್ಟಿನ ರೂಪದಲ್ಲಿದೆ. ಕಲ್ಲು ಸಿಕ್ಕಾಗ ಆ ಬೋಲ್ಟು ತುಂಡಾಗಿ ಗೇರ್ ಬಾಕ್ಸ್ ಉಳಿಯುತ್ತದೆ. ಕಂಪನಿ ಹೇಳಿದ್ದಕ್ಕಿಂತ ಗಟ್ಟಿ ಬೋಲ್ಟ್ ಹಾಕಿದವರು ಗೇರ್ ಬಾಕ್ಸ್ ಹೊತ್ತು ಗ್ಯಾರೇಜಿಗೆ ಹೋಗುತ್ತಾರೆ. ಅದು ನನ್ನ ಕಸುಬಲ್ಲವಾದ್ದರಿಂದ ಇಷ್ಟಕ್ಕೇ ಬಿಡುತ್ತೇನೆ.

ಸಣ್ಣ ವಸ್ತುಗಳಲ್ಲಿ ಇಂತಹ ಮುಂದಾಲೋಚನೆಯನ್ನು ನಾನು ಅತ್ಯಂತ ಸೊಗಸಾಗಿ ಕಂಡದ್ದು ಫೋನಿನ ಚಾರ್ಜಿಂಗ್ ಪಿನ್ನಿನಲ್ಲಿ. 2014ರಲ್ಲಿ ಪ್ರಕಟವಾದ ಟೈಪ್ ಸಿ ಮಾದರಿಯಲ್ಲಿ ಫೋನಿನ ಬಾಯಿಯೊಳಗೆ ಇರುವುದು ಗಟ್ಟಿಯಾದ ಒಂದು ತೆಳು ನಾಲಿಗೆ ಮಾತ್ರ. ಬಾಗಿ ಒತ್ತುವ ಸ್ಪ್ರಿಂಗುಗಳೆಲ್ಲ ಕೇಬಲಿನ ತುದಿಯಲ್ಲಿವೆ. ಹಾಕಿ ತೆಗೆದು ಸವೆಯುವುದೇನಿದ್ದರೂ ಮೊದಲು ಕೇಬಲಿನಲ್ಲಿ ಸವೆಯಲಿ, ಫೋನು ಉಳಿಯಲಿ ಎಂಬುದು ಅದರ ಹಿಂದಿನ ಯೋಚನೆ. ಯೂರೋಪಿನ ಒಕ್ಕೂಟ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಇದನ್ನೇ ಕಡ್ಡಾಯ ಮಾಡಿದೆ. ಪಿನ್ ಸಡಿಲವಾಗಿದೆ ಎಂದು ಬರುವ ಫೋನುಗಳಲ್ಲಿ ಅನೇಕಕ್ಕೆ ಅಂಗಿಯ ಜೇಬಿನ ನೂಲು ಮತ್ತು ಧೂಳು ಒಳಗೆ ಗಟ್ಟಿಯಾಗಿ ಕೂತಿರುವುದೇ ಕಾರಣ. ಫೋನ್ ಆಫ್ ಮಾಡಿ, ಮರದ ತೆಳುಕಡ್ಡಿಯಿಂದ ಮೆಲ್ಲಗೆ ತೆಗೆದರೆ ಸಾಕು, ಸೂಜಿ ಹಾಕಬಾರದು. ಅದೇ ಫೋನಿನಲ್ಲಿ, ಬಳಸಿದಂತೆಲ್ಲ ಸವೆಯುವುದು ಖಚಿತವೆಂದು ಎಲ್ಲರಿಗೂ ಗೊತ್ತಿರುವ ಬ್ಯಾಟರಿಯನ್ನು ಮಾತ್ರ ಗೋಂದು ಹಚ್ಚಿ ಗಾಜಿನ ಹಿಂದೆ ಮುಚ್ಚಿಡುತ್ತಾರೆ. ಅಷ್ಟು ಚೆನ್ನಾಗಿ ಯೋಚಿಸಿದವರು ಇಲ್ಲೇಕೆ ಹೀಗೆ ಮಾಡಿದರು ಎಂದು ನನಗೆ ನಿಜವಾಗಿ ಬೇಸರವಾಗುತ್ತದೆ.

ಫ್ಯಾನಿನ ವಿಷಯಕ್ಕೆ ಬಂದರೆ ಹಳೆಯದೂ ಹೊಸದೂ ಎರಡರಲ್ಲೂ ನನಗೆ ಅಭಿಮಾನವಿದೆ. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ತೆಗೆದುಕೊಳ್ಳುತ್ತದೆ. ಅದು ಮೆಲ್ಲಗೆ ತಿರುಗತೊಡಗಿದರೆ ಹೆಚ್ಚಾಗಿ 2.5 ಮೈಕ್ರೋಫ್ಯಾರಡ್ ಕಂಡೆನ್ಸರ್ ಬಲ ಕಳೆದುಕೊಂಡಿರುತ್ತದೆ, ಅದನ್ನು ಬದಲಿಸುವುದು ಹತ್ತು ನಿಮಿಷದ ಕೆಲಸ. ಹೊಸ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟರಿನ) ಫ್ಯಾನ್ 30 ವ್ಯಾಟ್ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ, ವೋಲ್ಟೇಜ್ ಇಳಿದರೂ ವೇಗ ಕಳೆದುಕೊಳ್ಳುವುದಿಲ್ಲ, ಇನ್ವರ್ಟರ್ ಮೇಲೆ ಹೆಚ್ಚು ಹೊತ್ತು ತಿರುಗುತ್ತದೆ. ಕರೆಂಟ್ ಹೋಗಿಬರುವ ನಮ್ಮ ಬೇಸಿಗೆಗೆ ಅದು ಹೇಳಿಮಾಡಿಸಿದ್ದು. ಆದರೆ ಅದರ ಎಲೆಕ್ಟ್ರಾನಿಕ್ ಬೋರ್ಡನ್ನು ಫ್ಯಾನಿನ ಹೊಟ್ಟೆಯೊಳಗೆ ಇಟ್ಟು, ಕೆಲವು ಕಂಪನಿಗಳು ಮೇಲೆ ರಾಳ ಸುರಿದು ಗಟ್ಟಿ ಮಾಡಿರುತ್ತವೆ. ಧೂಳು ಮತ್ತು ತೇವದಿಂದ ರಕ್ಷಣೆ ಸಿಗುತ್ತದೆ ಎಂಬುದು ನಿಜವೇ, ಆದರೆ ಒಳಗಿನ ಸಣ್ಣ ಬಿಡಿಭಾಗ ಹೋದರೂ ಇಡೀ ಬೋರ್ಡನ್ನು ಎಸೆಯಬೇಕಾಗುತ್ತದೆ.

ಆ ಸಣ್ಣ ಬಿಡಿಭಾಗ ಹೋಗುವುದೂ ಹೆಚ್ಚಾಗಿ ಒಂದೇ ಕಾರಣಕ್ಕೆ. ಮನೆಗೆ ಬರುವುದು 230 ವೋಲ್ಟ್, ಆದರೆ ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಟಿಸಿಯ ಕಡೆ ನ್ಯೂಟ್ರಲ್ ತಂತಿ ಕಡಿದರೆ ಹೊರೆ ಕಡಿಮೆಯಿರುವ ಮನೆಗಳಿಗೆ ಆ 400ರ ಹತ್ತಿರದ ವೋಲ್ಟೇಜೇ ನುಗ್ಗುತ್ತದೆ, ಮತ್ತು ಮರುದಿನ ಒಂದೇ ಓಣಿಯ ಟಿವಿ, ಫ್ಯಾನ್, ಚಾರ್ಜರುಗಳು ಸಾಲಾಗಿ ನನ್ನ ಅಂಗಡಿಗೆ ಬರುತ್ತವೆ. ಇದಕ್ಕೆ ವೇರಿಸ್ಟರ್ ಎಂಬ ನಾಣ್ಯದಾಕಾರದ ಭಾಗವೊಂದಿದೆ. ವೋಲ್ಟೇಜ್ ಮಿತಿ ಮೀರಿದ ಕೂಡಲೇ ಅದು ಕರೆಂಟನ್ನು ತನ್ನ ಮೂಲಕ ಹರಿಯಗೊಟ್ಟು, ಫ್ಯೂಸನ್ನು ಕರಗಿಸಿ, ಬೋರ್ಡನ್ನು ಉಳಿಸುತ್ತದೆ. ಅಗ್ಗದ ಬೋರ್ಡುಗಳನ್ನು ಕನ್ನಡಕ ಹಾಕಿಕೊಂಡು ನೋಡಿದರೆ, ಅದಕ್ಕಾಗಿ ಬಿಳಿ ಬಣ್ಣದಲ್ಲಿ ಬರೆದ ವೃತ್ತವೂ, ಅದರ ಎರಡು ರಂಧ್ರಗಳೂ ಕಾಣುತ್ತವೆ. ರಂಧ್ರಗಳಲ್ಲಿ ಸೋಲ್ಡರ್ ತುಂಬಿರುತ್ತದೆ, ಭಾಗ ಮಾತ್ರ ಇರುವುದಿಲ್ಲ. ವಿನ್ಯಾಸ ಮಾಡಿದವರು ಜಾಗ ಇಟ್ಟಿದ್ದರು, ಕೆಲವೇ ರೂಪಾಯಿಗಾಗಿ ಯಾರೋ ಅದನ್ನು ಕೈಬಿಟ್ಟರು. ಗ್ರಾಹಕರು ಒಪ್ಪಿದರೆ ನಾನು ಆ ಜಾಗದಲ್ಲಿ ಹೊಸ ವೇರಿಸ್ಟರ್ ಕೂರಿಸಿಯೇ ಬೋರ್ಡನ್ನು ಕೊಡುತ್ತೇನೆ, ಮತ್ತು ಫ್ಯೂಸ್ ಹೋದರೆ ದಪ್ಪ ತಂತಿ ಸುತ್ತಬೇಡಿರೆಂದು ಕೈಮುಗಿದು ಹೇಳುತ್ತೇನೆ.

ಗೀಸರಿನ ಟ್ಯಾಂಕಿನಲ್ಲಿ ಮೆಗ್ನೀಷಿಯಂ ಕಡ್ಡಿಯೊಂದಿದೆ, ತುಕ್ಕು ಉಕ್ಕಿನ ಟ್ಯಾಂಕಿಗೆ ಹತ್ತುವ ಮೊದಲು ಆ ಕಡ್ಡಿಯನ್ನು ತಿನ್ನಲಿ ಎಂದು. ನಮ್ಮ ಬೋರಿನ ಗಡಸು ನೀರಿಗೆ ಅದು ಬೇಗ ಕರಗುತ್ತದೆ. ವರ್ಷಕ್ಕೊಮ್ಮೆ ನೋಡಿಸಿ ಬದಲಿಸಿದರೆ ಟ್ಯಾಂಕ್ ಬಹುಕಾಲ ಬಾಳುತ್ತದೆ, ಆದರೆ ಗೀಸರ್ ಇಟ್ಟುಕೊಂಡ ಹೆಚ್ಚಿನವರಿಗೆ ಅಂತಹ ಕಡ್ಡಿ ಇದೆ ಎಂಬುದನ್ನು ಮಾರಿದವರಾಗಲಿ ಕೂರಿಸಿದವರಾಗಲಿ ಹೇಳಿರುವುದಿಲ್ಲ. ಟ್ಯಾಂಕ್ ತೂತಾದ ಮೇಲೆ ನನ್ನಿಂದ ಆಗುವುದು ಏನೂ ಇಲ್ಲ.

ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ (ಕೊಂಡ ವಸ್ತುವನ್ನು ತಾವೇ ಅಥವಾ ಬೇಕಾದವರಿಂದ ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ) ಬಗ್ಗೆ ಸಮಿತಿ ರಚಿಸಿ, ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು ಮತ್ತು ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಆರಿಸಿಕೊಂಡಿತು. ಅದೇ ವರ್ಷದ ಡಿಸೆಂಬರ್ 24ರಂದು ಇದಕ್ಕಾಗಿ ಪೋರ್ಟಲನ್ನೂ ತೆರೆಯಿತು. ಫ್ರಾನ್ಸಿನಲ್ಲಿ 2021ರಿಂದ ಕೆಲವು ಎಲೆಕ್ಟ್ರಾನಿಕ್ ವಸ್ತುಗಳ ಮೇಲೆ, ಅವುಗಳನ್ನು ದುರಸ್ತಿ ಮಾಡುವುದು ಎಷ್ಟು ಸುಲಭವೆಂಬುದಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ನಮೂದಿಸುತ್ತಾರೆ. ಇಂತಹ ಚರ್ಚೆ ನಡೆದಾಗಲೆಲ್ಲ ಫೋನು, ಲ್ಯಾಪ್‌ಟಾಪುಗಳೇ ಮುಂದೆ ಬರುತ್ತವೆ. ಕೃಷಿ ಉಪಕರಣವೂ ಆ ಪಟ್ಟಿಯಲ್ಲಿದೆ ಎಂಬುದನ್ನು ನೆನಪಿಟ್ಟು, ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಗೂ ಅಂತಹ ಅಂಕ ಸಿಗಬೇಕೆಂದು ನಾನು ಕೇಳುತ್ತೇನೆ. ರಿಲೇ, ಪ್ರಿವೆಂಟರ್, ಕಾಂಟ್ಯಾಕ್ಟ್ ಕಿಟ್ ಬಿಡಿಯಾಗಿ ತಾಲೂಕು ಮಟ್ಟದಲ್ಲಿ ಸಿಗಬೇಕು. ಯಾವ ದೀಪ ಹತ್ತಿದರೆ ಏನು ಅರ್ಥ ಎಂಬುದನ್ನು ಬಾಗಿಲಿನ ಒಳಬದಿಯಲ್ಲಿ ಕನ್ನಡದಲ್ಲಿ ದೊಡ್ಡಕ್ಷರಗಳಲ್ಲಿ ಅಚ್ಚು ಹಾಕಿರಬೇಕು. ಅದು ಆಗುವವರೆಗೆ, ನನ್ನ ಅಂಗಡಿಯಿಂದ ಹೋಗುವ ಪ್ರತಿ ಸ್ಟಾರ್ಟರಿನ ಬಾಗಿಲಿಗೆ ಆ ವಿವರವನ್ನು ಕೈಯಾರೆ ಬರೆದು, ರಿಲೇಯನ್ನು ಎಷ್ಟು ಆಂಪಿಯರಿಗೆ ಇಟ್ಟಿದ್ದೇನೆಂಬ ಅಂಕಿಯೊಂದಿಗೆ ಅಂಟಿಸಿ ಕೊಡುತ್ತಿದ್ದೇನೆ.