ತಂದೆ/ಗಂಡ

ಕಲಬುರಗಿ
9 ಡಿಸೆಂಬರ್ 2025, ಮಂಗಳವಾರ, ರಾತ್ರಿ 11.40

ನಾಳೆ ಹತ್ತಕ್ಕೆ ಮಾನವ ಹಕ್ಕುಗಳ ದಿನದ ಕಾರ್ಯಕ್ರಮ. ಹಳ್ಳಿ ಹಳ್ಳಿ ತಿರುಗಿ ಬಾಲ್ಯವಿವಾಹ ತಡೆಯೋ ಅಕ್ಕನ ಸನ್ಮಾನ ಪತ್ರ ಇನ್ನೂ ಪ್ರಿಂಟಿಗೆ ಹೋಗಿಲ್ಲ. ಫ್ರೇಮಿನ ಹುಡುಗ ಒಂಬತ್ತರವರೆಗೆ ಕಾದ. ಆಮೇಲೆ ‘ಅಣ್ಣಾ, ಮುಂಜಾನೆ ಏಳಕ್ಕ ಬರ್ತೀನಿ’ ಅಂತ ವಾಟ್ಸಾಪ್ ಹಾಕಿ ಶಟರ್ ಎಳೆದುಕೊಂಡು ಹೋದ. ತಪ್ಪು ಅವನದಲ್ಲ. ಕೆಲಸ ನಿಂತಿರೋದು ನನ್ನ ಹತ್ರ, ಒಂದೇ ಒಂದು ಸಾಲಿಗೆ.

ಡಿಟಿಪಿ ಅಂಗಡಿಯವರ ಒಂದು ಗುಟ್ಟು ಹೇಳಿಬಿಡ್ತೀನಿ. ಸನ್ಮಾನ ಪತ್ರವನ್ನ ನಾವು ಯಾರೂ ಹೊಸದಾಗಿ ಬರೆಯೋದಿಲ್ಲ. ನನ್ನ ಕಂಪ್ಯೂಟರಿನಲ್ಲಿ ‘ಸನ್ಮಾನ ಹೊಸದು 2’ ಅಂತ ಒಂದು ಫೈಲ್ ಇದೆ. ಹೆಸರಿಗೆ ಹೊಸದು, 2014ರದ್ದು. ‘ತಾವು ನಾಡಿನ ಹೆಮ್ಮೆ, ನೊಂದವರ ಬಾಳಿನ ನಂದಾದೀಪ’ ಅಂತ ಶುರುವಾಗುತ್ತದೆ. ಹೆಸರು, ಊರು, ತಾರೀಖು ಬದಲಾಯಿಸಿದರೆ ಮುಗೀತು. ನಿವೃತ್ತ ಮಾಸ್ತರು, ಕಬಡ್ಡಿ ಕೋಚು, ಸಹಕಾರ ಸಂಘದ ನಿರ್ದೇಶಕರು, ಎಲ್ಲರೂ ಅದೇ ನಂದಾದೀಪ. ಒಂದು ಸಲ ಹೆಸರು ಬದಲಾಯಿಸಿದೆ, ಹಿಂದಿನ ‘ಶ್ರೀಮತಿ’ ತೆಗೆಯೋದು ಮರೆತೆ. ದಪ್ಪ ಮೀಸೆಯ ಗುತ್ತಿಗೆದಾರರೊಬ್ಬರು ಶ್ರೀಮತಿಯಾಗಿ ಮನೆಗೆ ಹೋದರು. ಇವತ್ತಿನವರೆಗೂ ಬಂದು ಕೇಳಿಲ್ಲ. ಓದಿಲ್ಲ ಅನಿಸುತ್ತೆ.

ಅಕ್ಕನಿಗೂ ಅದೇ ಫೈಲ್ ತೆಗೆದೆ. ಕೈ ಬರಲಿಲ್ಲ. ಹೊಸದಾಗಿ ಬರೆಯೋಣ ಅಂತ ಕೂತೆ.

ಮಧ್ಯಾಹ್ನ ಕಾರ್ಯದರ್ಶಿ ಸರ್ ಫೋನ್ ಮಾಡಿದರು.

“ಎಲ್ಲರದ್ದೂ ಒಂದೇ ನಮೂನಿ ಇರಬೇಕ್ರಿ. ಮ್ಯಾಲ ಹೆಸರು, ಅದರ ಕೆಳಗ ತಂದೆ ಇಲ್ಲಾ ಗಂಡನ ಹೆಸರು, ಅದರ ಕೆಳಗ ಊರು. ಐದು ಮಂದಿ ಸನ್ಮಾನಿತರು ಅದಾರ. ನಾಲ್ಕು ಮಂದಿದು ಬಂದದ. ಇವರದೊಂದೇ ಖಾಲಿ ಅದ ನೋಡ್ರಿ.”

“ಖಾಲಿ ಬಿಟ್ರ ಏನಾಗ್ತದ್ರಿ ಸರ್?”

“ಛಂದ ಕಾಣಂಗಿಲ್ಲಲ್ರಿ.”

ಅವರದು ಕೆಟ್ಟ ಮನಸ್ಸಲ್ಲ. ಈ ಕಾರ್ಯಕ್ರಮಕ್ಕೆ ಕೈಯಿಂದಲೇ ಖರ್ಚು ಮಾಡುತ್ತಿದ್ದಾರೆ. ಖಾಲಿ ಜಾಗ ಕಂಡರೆ ತುಂಬಿಸಬೇಕು ಅನ್ನೋ ಮನುಷ್ಯ, ಅಷ್ಟೇ.

ಅಕ್ಕನ ತಾಯಿಗೆ ಮುತ್ತು ಕಟ್ಟಿದ್ದರು, ಅಂದರೆ ದೇವದಾಸಿ ಬಿಟ್ಟಿದ್ದರು ಅಂತ ನನಗೆ ಮೊದಲಿನಿಂದ ಗೊತ್ತು. ಹನ್ನೆರಡು ವರ್ಷದ ಪರಿಚಯ. ಅದು ಕಾಗದದ ಮೇಲೆ ಬಂದಾಗ ಏನಾಗುತ್ತೆ ಅಂತ ಮಾತ್ರ ಒಂದು ದಿನವೂ ಯೋಚನೆ ಮಾಡಿರಲಿಲ್ಲ. ದಿನವಿಡೀ ಕಾಗದದ ಮೇಲೇ ಬದುಕೋನು ನಾನು.

ಸಂಜೆ ಆರಕ್ಕೆ ಅಕ್ಕನೇ ಬಂದರು. ಶಹಾಪುರದ ಬಸ್ಸು, ಜೇವರ್ಗಿ ಹತ್ರ ಪಂಕ್ಚರ್ ಆಗಿ ಒಂದು ತಾಸು ರಸ್ತೆ ಬದಿಗೆ ನಿಂತಿತ್ತಂತೆ. ಹೆಗಲಿಗೆ ಅದೇ ಹಸಿರು ಬಟ್ಟೆಚೀಲ. ಝೀರೋ ಟಿಕೆಟ್ಟನ್ನ ಮಡಚಿ ಬಳೆಯೊಳಗೆ ಸಿಕ್ಕಿಸಿಕೊಂಡಿದ್ದರು. ಮೊದಲೆಲ್ಲ ಒಂದು ಹಳ್ಳಿಗೆ ಹೋದರೆ ಇನ್ನೊಂದು ಹಳ್ಳಿಗೆ ಹೋಗಲು ಅಲ್ಲಿಯವರ ಹತ್ರಾನೇ ಬಸ್ ಚಾರ್ಜ್ ಕೇಳಬೇಕಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆ ಸಂಕೋಚ ತಪ್ಪಿತು. “ಸರ್ಕಾರ ನನಗ ಮಾಡಿದ ಖರೇ ಸನ್ಮಾನ ಇದೇ ನೋಡು” ಅಂತ ಟಿಕೆಟ್ ತೋರಿಸಿದರು.

ಚಾ ಬಂತು. ಬಸಿಗೆ ಸುರಿದುಕೊಂಡರು. ಕೇಳಬೇಕು ಅಂತ ನಾನು ಬಾಯಿ ತೆಗೆಯೋದು, ಮತ್ತೆ ಸುಮ್ನೆ ಮೌಸ್ ಆಡಿಸೋದು. ಅವರೇ ಕೇಳಿದರು.

“ಏನಪಾ ತಮ್ಮಾ, ಏನೋ ನುಂಗಲಕತ್ತಿ?”

“ಪತ್ರದಾಗ ತಂದೆ ಹೆಸರು ಹಾಕ್ಬೇಕಂತ್ರಿ ಅಕ್ಕಾ.”

ಬಸಿ ಕೆಳಗಿಟ್ಟರು.

“ಯಾವ್ದು ಹಾಕ್ತಿ? ಸಾಲ್ಯಾಗ ಯಲ್ಲಪ್ಪ ಅಂತ ಅದ. ಅವ್ವಗ ಯಲ್ಲಮ್ಮನ ಮುತ್ತು ಕಟ್ಟಿದ್ರಲ್ಲ, ಮಾಸ್ತರು ಯಲ್ಲಪ್ಪ ಅಂತ ಬರಕೊಂಡ್ರು. ನಮ್ಮ ಕ್ಲಾಸಿನಾಗ ಯಲ್ಲಪ್ಪನ ಮಕ್ಕಳು ನಾವು ಐದು ಮಂದಿ ಇದ್ವಿ. ಐದು ಮನಿ, ಐದು ಮಂದಿ ಅವ್ವಂದಿರು, ಅಪ್ಪ ಮಾತ್ರ ಒಬ್ಬನ.”

ನಕ್ಕರು. ನಾನೂ ನಗಬೇಕೋ ಬೇಡವೋ ತಿಳಿಯಲಿಲ್ಲ.

“ರೇಶನ್ ಕಾರ್ಡಿನಾಗ ಸೋದರಮಾವನ ಹೆಸರು ಅದ. ವೋಟಿಂಗ್ ಕಾರ್ಡಿನಾಗ ಮತ್ತೊಂದು. ಅದು ಯಾರದು ಅಂತ ನನಗೂ ಗೊತ್ತಿಲ್ಲ, ಬರದವನಿಗೂ ಗೊತ್ತಿಲ್ಲ. ಮೂರು ಮಂದಿ ಅಪ್ಪಂದಿರು ಆದ್ರು. ನಿನಗ ಯಾರು ಬೇಕು ಆರಿಸ್ಕೋ.”

ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ 1982ರದ್ದು. ಅದರ ಮಾತು ಬಂದಾಗಲೆಲ್ಲ ಅಕ್ಕ ಒಂದೇ ಹೇಳೋದು, “ಬೆಂಗಳೂರಾಗ ಕಾಯ್ದಾ ಬಂದಿದ್ದು 82ಕ್ಕ. ನಮ್ಮೂರಿಗಿ ಬಂದಿದ್ದು ನಾನು ಚೀಲ ಹಿಡ್ಕೊಂಡು ಹೋದಾಗ.” ಈ ಆಗಸ್ಟ್‌ನಲ್ಲಿ ವಿಧಾನ ಮಂಡಲದಲ್ಲಿ ಹೊಸ ದೇವದಾಸಿ ಮಸೂದೆ ಪಾಸಾಯಿತಲ್ಲ, ಮರುದಿನವೇ ಪೇಪರ್ ಕಟಿಂಗ್ ತಂದು ನನ್ನ ಹತ್ರ ಲ್ಯಾಮಿನೇಷನ್ ಮಾಡಿಸಿಕೊಂಡು ಹೋಗಿದ್ದರು. ಈ ತಾಯಂದಿರ ಮಕ್ಕಳಿಗೆ ಅರ್ಜಿಯಲ್ಲಿ ಅಪ್ಪನ ಹೆಸರು ಕಡ್ಡಾಯ ಅಲ್ಲ ಅನ್ನೋದು ಅದರಲ್ಲಿದೆ. ಹೆಡ್‌ಮಾಸ್ತರುಗಳ ಟೇಬಲ್ ಮೇಲೆ ಇಡೋದಕ್ಕೆ ಅಂತ ಮಾಡಿಸಿದ್ದು. ಮೂಲೆ ಆಗಲೇ ಮುರಿದಿದೆ. ಇವತ್ತೂ ಚೀಲದಲ್ಲಿತ್ತು. ಅದನ್ನ ತೆಗೆದು ನನ್ನ ಕೀಬೋರ್ಡ್ ಮೇಲೆ ಇಟ್ಟರು.

“ನಿನಗೂ ಒಂದು ಬೇಕೇನು?”

ತಲೆ ತಗ್ಗಿಸಿದೆ. ಎರಡನೇ ಸಲ ಅಕ್ಕನ ಮುಂದೆ ಹೀಗೆ ಕೂತದ್ದು. ಮೊದಲನೇ ಸಲದ್ದು ಇಲ್ಲಿ ಎಂದೂ ಬರೆದಿಲ್ಲ.

2013ರ ಬೇಸಿಗೆ, ಲಗ್ನದ ಸೀಜನ್. ಅಂಗಡಿ ತುಂಬ ಕಾರ್ಡುಗಳ ಕಟ್ಟು, ಕಾಲಿಡಲು ಜಾಗ ಇಲ್ಲ. ಗುರುತಿಲ್ಲದ ಹೆಂಗಸೊಬ್ಬರು ಬಂದು ನಾನೇ ಹಾಕಿದ ಒಂದು ಹಳದಿ ಕಾರ್ಡನ್ನ ಟೇಬಲ್ ಮೇಲೆ ಇಟ್ಟರು. ಬಂಗಾರದ ಬಣ್ಣದ ಗಣಪತಿ, ಕೆಳಗೆ ಚಿ. ಕುಂ. ಸೌ. ಇಂಥವಳು. ಆ ಹೆಸರಿನ ಮೇಲೆ ಬೆರಳು ಇಟ್ಟರು. “ಕಾರ್ಡ್ ಛಂದ ಹಾಕೀಯಪಾ. ಈ ಚಿ. ಕುಂ. ಸೌ. ಎಂಟನೇ ಕ್ಲಾಸ್ ಓದ್ತಾಳ. ವಯಸ್ಸು ಕೇಳಿದ್ದೇನು?” ನನಗೆ ಸಿಟ್ಟು ಬಂತು. ಕೊಟ್ಟದ್ದನ್ನ ಹಾಕೋದು ನನ್ನ ಕೆಲಸ, ಉಳಿದದ್ದು ನನಗ್ಯಾಕೆ ಅಂದೆ. ಅವರು ಜಗಳ ಆಡಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತರು. ಕೂತೇ ಇದ್ದರು. ಗಿರಾಕಿಗಳೆಲ್ಲ ನೋಡೋ ಹಾಗೆ. ಕೊನೆಗೆ ನನ್ನ ಫೋನನ್ನೇ ಇಸಿದುಕೊಂಡು ಮಕ್ಕಳ ಸಹಾಯವಾಣಿ 1098ಕ್ಕೆ ಹಚ್ಚಿದರು. ವಿಳಾಸ, ಲಗ್ನದ ತಾರೀಖು, ಮುಹೂರ್ತ, ಎಲ್ಲಾ ನನ್ನ ಕಾರ್ಡ್ ನೋಡಿಯೇ ಓದಿ ಹೇಳಿದರು.

ಆ ಲಗ್ನ ನಿಂತಿತು. ಹುಡುಗಿ ಮುಂದೆ ಏನಾದಳು ಅಂತ ನನಗೆ ಗೊತ್ತಿಲ್ಲ. ಅಕ್ಕನಿಗೆ ಗೊತ್ತಿರುತ್ತೆ. ನಾನು ಕೇಳಿಲ್ಲ.

ಅವತ್ತಿನಿಂದ ಜನ್ಮದಾಖಲೆಯ ಝೆರಾಕ್ಸ್ ಇಲ್ಲದೆ ಲಗ್ನದ ಕಾರ್ಡ್ ಹಾಕೋದಿಲ್ಲ. ಈಗ ಅಧಿಕಾರಿಗಳೂ ಪ್ರಿಂಟಿಂಗ್ ಪ್ರೆಸ್ಸಿನವರಿಗೆ ಅದನ್ನೇ ಹೇಳುತ್ತಾರೆ. ಮದುವೆ ವಯಸ್ಸು ಹುಡುಗಿಗೆ 18, ಹುಡುಗನಿಗೆ 21. ಅದಕ್ಕಿಂತ ಮೊದಲು ಮಾಡಿದರೆ ನಮ್ಮ ರಾಜ್ಯದ 2016ರ ತಿದ್ದುಪಡಿ ಪ್ರಕಾರ ಆ ಮದುವೆಯೇ ಅಸಿಂಧು. ಇಷ್ಟೆಲ್ಲ ಗಿರಾಕಿಗೆ ಹೇಳ್ತಾ ಕೂತರೆ ಅವರು ಎದ್ದು ಪಕ್ಕದ ಅಂಗಡಿಗೆ ಹೋಗುತ್ತಾರೆ. ಸೀಜನ್‌ನಲ್ಲಿ ಹತ್ತಾದರೂ ಆರ್ಡರ್ ಹೀಗೆ ಹೋಗುತ್ತವೆ. ಹೊಟ್ಟೆ ಉರಿಯೋದಿಲ್ಲ ಅಂದರೆ ಸುಳ್ಳಾಗುತ್ತೆ.

ಪತ್ರಕ್ಕೆ ಒಂದು ಸಂಖ್ಯೆ ಬೇಕಿತ್ತು. ‘ಇಷ್ಟು ಬಾಲ್ಯವಿವಾಹಗಳನ್ನು ತಡೆದು’ ಅಂತ ಹಾಕಿದರೆ ತೂಕ ಬರುತ್ತೆ ಅಲ್ವಾ? ಎಷ್ಟು ಅಂತ ಕೇಳಿದೆ.

“ಲೆಕ್ಕ ಎಲ್ಲಿ ಇಡ್ಲಿ? ಆದ ಲಗ್ನಕ್ಕ ಫೋಟೋ ಇರ್ತದ, ಆಲ್ಬಂ ಇರ್ತದ. ನಿಂತ ಲಗ್ನಕ್ಕ ಏನ್ ಇರ್ತದಪಾ?” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಬೈಗುಳ ಇರ್ತಾವ. ಅವು ಬೇಕಾದ್ರ ಬರಕೋ, ಸಾಕಷ್ಟು ನೆನಪದಾವ.”

ಒಳ್ಳೆ ಸಾಲು ಏನಾದರೂ ಸಿಗುತ್ತಾ ಅಂತ ಬೆಳಿಗ್ಗೆ ಮೊಬೈಲಿನಲ್ಲಿ ಹುಡುಕಿದ್ದೆ. ಸಿಕ್ಕಿದ್ದನ್ನ ಅಕ್ಕನಿಗೆ ಹೇಳಿದೆ. ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆ ಮಾಡಿದ್ದು 1948ರ ಡಿಸೆಂಬರ್ 10ಕ್ಕೆ. ಹೈದರಾಬಾದ್ ಸಂಸ್ಥಾನದಲ್ಲಿ ಪೊಲೀಸ್ ಆ್ಯಕ್ಷನ್ ಮುಗಿದು ಮೂರು ತಿಂಗಳೂ ಆಗಿರಲಿಲ್ಲ. ಅಕ್ಕನ ಅಜ್ಜಿ ಆ ದಿನಗಳಲ್ಲಿ ಜೋಳದ ಹೊಲದಲ್ಲಿ ಅಡಗಿ ಕೂತ ಕತೆ ಹೇಳುತ್ತಿದ್ದರಂತೆ. ಪ್ಯಾರಿಸ್ಸಿನಲ್ಲಿ ಹಕ್ಕು ಬರೆಯುತ್ತಿದ್ದಾಗ ಇಲ್ಲಿ ಅಜ್ಜಿ ಹಾಗಿದ್ದರು. ಇನ್ನೊಂದೂ ಹೇಳಿದೆ. ಹಕ್ಕಿಗಾಗಿ ದುಡಿಯುವವರನ್ನ ಕಾಪಾಡಬೇಕು ಅಂತ ವಿಶ್ವಸಂಸ್ಥೆ ಬೇರೆಯಾಗಿ ಒಂದು ಘೋಷಣೆ ಮಾಡಿದ್ದು 1998ರ ಡಿಸೆಂಬರ್ 9. ಅಂದರೆ ಇವತ್ತಿನ ತಾರೀಖು. ನಾಳಿನದು ಎಲ್ಲರಿಗೂ ಗೊತ್ತು, ಇವತ್ತಿನದು ಯಾರಿಗೂ ಗೊತ್ತಿಲ್ಲ.

ಅಕ್ಕನಿಗೆ ಇದ್ಯಾವುದೂ ಅಷ್ಟು ಹಿಡಿಸಲಿಲ್ಲ. ಹಿಡಿಸಿದ್ದು ಹಂಸಾ ಮೆಹ್ತಾ ಅವರ ಮಾತು. ಆ ಘೋಷಣೆಯ ಮೊದಲ ಸಾಲಿನ ಕರಡಿನಲ್ಲಿ ‘ಗಂಡಸರೆಲ್ಲ’ ಅಂತಲೂ ಅರ್ಥ ಬರುವ ಇಂಗ್ಲಿಷ್ ಪದ ಇತ್ತಂತೆ. ಭಾರತದಿಂದ ಹೋಗಿದ್ದ ಹಂಸಾ ಮೆಹ್ತಾ ಹಟ ಹಿಡಿದು ‘ಮನುಷ್ಯರೆಲ್ಲ’ ಅಂತ ಮಾಡಿಸಿದರು.

“ಒಂದು ಶಬ್ದಕ್ಕ?”

“ಒಂದು ಶಬ್ದಕ್ಕರಿ.”

“ನೋಡು ಮತ್ತ” ಅಂದರು ಅಕ್ಕ. ಉಳಿದ ಚಾ ಕುಡಿದರು.

ಇಷ್ಟಾದ ಮೇಲೆ ಚೀಲದಿಂದ ಒಂದು ಪ್ಲಾಸ್ಟಿಕ್ ಫೈಲ್ ಹೊರಗೆ ಬಂತು. ಸರ್ಕಾರದ ದೇವದಾಸಿಯರ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರ ಹನ್ನೊಂದು ಅರ್ಜಿ, ಎರಡೆರಡು ಝೆರಾಕ್ಸ್ ಬೇಕಂತೆ. ದೇವದಾಸಿಯರ ಸರ್ಕಾರಿ ಸಮೀಕ್ಷೆ ಎರಡು ಸಲ ಆಗಿತ್ತು, 1993-94ರಲ್ಲಿ ಮತ್ತು 2007-08ರಲ್ಲಿ. ಎರಡೂ ಸೇರಿ 46,660 ಹೆಸರು. ಇಷ್ಟು ವರ್ಷ ಆ ಪಟ್ಟಿಯಲ್ಲಿ ಇದ್ದರೆ ಇದ್ದರು, ಇಲ್ಲದಿದ್ದರೆ ಇಲ್ಲ. ಈ ಹನ್ನೊಂದರಲ್ಲಿ ಒಬ್ಬಾಕೆ ಸಮೀಕ್ಷೆಯವರು ಬಂದಾಗ ಮುಂಬೈಗೆ ಗುಳೆ ಹೋಗಿದ್ದರು, ಕಟ್ಟಡದ ಕೆಲಸಕ್ಕೆ. ಇನ್ನೊಬ್ಬಾಕೆ ಮನೆಯಲ್ಲೇ ಇದ್ದರೂ ಮಗಳ ಲಗ್ನಕ್ಕೆ ಅಡ್ಡಿ ಆದೀತು ಅಂತ ಹೇಳಿಕೊಳ್ಳಲಿಲ್ಲ.

“ನಾಳೆ ಸ್ಟೇಜ್ ಮ್ಯಾಲ ಯಾವ ಸಾಹೇಬ್ರು ಬರ್ತಾರ?” ಅಂತ ಕೇಳಿದರು. ಆಮಂತ್ರಣ ಪತ್ರಿಕೆ ತೋರಿಸಿದೆ. ಬೆರಳು ಇಟ್ಟು ಒಂದೊಂದೇ ಹೆಸರು ಓದಿದರು. ಒಂದು ಕಡೆ ಬೆರಳು ನಿಂತಿತು. “ಇವರ ಬಾಜೂಕ ನನ್ನ ಕುರ್ಚಿ ಹಾಕ್ಸು. ಆಫೀಸಿಗಿ ಹೋದ್ರ ಮೀಟಿಂಗ್ ಅದ ಅಂತಾರ. ಸ್ಟೇಜ್ ಮ್ಯಾಲಿಂದ ಎಲ್ಲಿ ಎದ್ದು ಹೋಗ್ತಾರ? ಒಂದು ತಾಸು ಸಿಗ್ತಾರ. ಭಾಷಣ ಉದ್ದ ಆದ್ರ ಒಂದೂವರೆ ತಾಸು.”

ಅಕ್ಕ ಯಾವ ಸನ್ಮಾನಕ್ಕೂ ಯಾಕೆ ಬೇಡ ಅನ್ನೋದಿಲ್ಲ ಅಂತ ನನಗೆ ಅರ್ಥ ಆದದ್ದು ಇವತ್ತು. ‘ಪ್ರಶಸ್ತಿ ಆಸೆ ಜಾಸ್ತಿ ಆಗ್ಯಾದ’ ಅಂತ ನಮ್ಮವರೇ ಕೆಲವರು ಆಡಿಕೊಂಡಿದ್ದರು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಅದನ್ನೂ ಇಲ್ಲಿ ಬರೆದಿಡುತ್ತೇನೆ.

ಹೇಳೋದು ಮರೆತೆ, ಮುಖ್ಯ ಭಾಷಣಕಾರರು ಬೀದರಿನವರು. ಕಲ್ಯಾಣದಿಂದಲೇ ಶುರು ಮಾಡುತ್ತಾರೆ, ಅನುಭವ ಮಂಟಪ ಬರುತ್ತೆ, ಚಪ್ಪಾಳೆ ಬೀಳುತ್ತೆ. ಜಾತಿ ಮೀರಿ ಬೀಗರಾದ ಹರಳಯ್ಯ, ಮಧುವರಸರಿಗೆ ಅದೇ ಕಲ್ಯಾಣ ಮಾಡಿದ ಸನ್ಮಾನ ಎಳೆಹೂಟೆ, ಆನೆ ಕಾಲಿಗೆ ಕಟ್ಟಿ ಎಳೆಸಿ ಕೊಲ್ಲೋ ಶಿಕ್ಷೆ. ಅಲ್ಲಿಯವರೆಗೆ ಅವರ ಭಾಷಣ ಹೋಗುತ್ತೋ ಇಲ್ಲವೋ.

ಇರಲಿ. ಸಾಲಿನ ವಿಷಯ.

ಏಳುವಾಗ ಅಕ್ಕ ಹೇಳಿದರು, “ಅವ್ವಂದು ಹಾಕು. ತಂದೆ ಗಂಡ ಎರಡೂ ತಗದು, ತಾಯಿ ಅಂತ ಹಾಕು.” ನನಗೆ ಎಷ್ಟು ಹಗುರಾಯಿತು ಅಂದರೆ ಆಗಲೇ ಟೈಪ್ ಮಾಡಿದೆ. ‘ಶ್ರೀಮತಿ’ನೂ ತೆಗೆದೆ, ‘ಕುಮಾರಿ’ನೂ ಬೇಡ. ಬಾಗಿಲ ತನಕ ಹೋದವರು ತಿರುಗಿ ಬಂದರು.

“ತಡಿ ತಮ್ಮಾ. ಅವ್ವಗ ಒಂದು ಮಾತು ಕೇಳ್ಬೇಕು. ನನ್ನ ಹೆಸರು ನಂದು. ಅಕಿ ಹೆಸರು ಅಕಿದು. ನಾಕು ಮಂದ್ಯಾಗ ಓದೋದು ಅಕಿಗಿ ಬೇಡಾದ್ರ?”

ಇಷ್ಟು ವರ್ಷ ಆ ತಾಯಿಯ ಹೆಸರನ್ನ ಯಾರು ಯಾರೋ ಯಾವ್ಯಾವುದೋ ಪಟ್ಟಿಯಲ್ಲಿ ಬರೆದರು, ಬಿಟ್ಟರು. ಬರೀಲಾ ಅಂತ ಕೇಳಿದವರು ಯಾರೂ ಇರಲಿಕ್ಕಿಲ್ಲ. ನಾನೂ ಕೇಳುತ್ತಿರಲಿಲ್ಲ. ಈ ದಿನಚರಿ ಬರೆಯೋದಕ್ಕೆ ಮಾತ್ರ ಅಕ್ಕನನ್ನ ಕೇಳಿದ್ದೇನೆ. ಹೆಸರು ಬಿಟ್ಟು ಬರಿ ಅಂದರು.

ಊರಿಗೆ ಫೋನ್ ಹಚ್ಚಿದರು. ಪಕ್ಕದ ಮನೆಯವರು ಎತ್ತಿದರು. ಅವ್ವ ಎಂಟಕ್ಕೇ ಮಲಗಿದ್ದಾರಂತೆ, ಹಗಲೆಲ್ಲ ತೊಗರಿ ಕೊಯ್ಲಿಗೆ ಹೋಗಿ ಸೊಂಟ ನೋವಂತೆ. ಎಬ್ಬಿಸೋದು ಬೇಡ ಅಂದರು ಅಕ್ಕ.

ಕಾರ್ಯದರ್ಶಿ ಸರ್‌ಗೆ ‘ತಾಯಿ ಹೆಸರು ಹಾಕಬಹುದಾ ಸರ್’ ಅಂತ ಮೆಸೇಜ್ ಹಾಕಿದ್ದೆ. ಎರಡೂ ಟಿಕ್ ನೀಲಿ ಆಗಿವೆ. ಉತ್ತರ ಇಲ್ಲ.

ಅವ್ವ ಐದಕ್ಕೆ ಏಳುತ್ತಾರಂತೆ. ಹುಡುಗ ಏಳಕ್ಕೆ ಬರುತ್ತಾನೆ. ಅಷ್ಟರಲ್ಲಿ ಅವ್ವ ಬೇಡ ಅಂದರೆ, ಆ ಸಾಲು